ಸೋಲಾರ್ ಪ್ಲಾಂಟಿನ ಸ್ಕಾಡಾಗೆ ಡ್ರೋನ್ ಜೋಡಿಸುವಾಗ

ಪಾವಗಡದ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ, 2,050 ಮೆಗಾವಾಟ್. ತಿರುಮಣಿ ಕಡೆಯಿಂದ ನೋಡಿದರೆ ಕಣ್ಣು ಹಾಯುವಷ್ಟು ದೂರ ಪ್ಯಾನೆಲ್ಲೇ. ಇಂಥ ಜಾಗದಲ್ಲಿ ಕೆಟ್ಟ ಪ್ಯಾನೆಲ್ಲನ್ನು ನಡೆದು ಹುಡುಕುವುದು ಆಗದ ಮಾತು, ಬಿಸಿಯನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾದ ಡ್ರೋನ್ ತನ್ನಿ ಎಂದು ಎಲ್ಲರೂ ಹೇಳುತ್ತಾರೆ. ತನ್ನಿ, ಅದನ್ನು ಸ್ಕಾಡಾಗೆ (ಪ್ಲಾಂಟಿನ ಉಪಕರಣಗಳ ಅಂಕಿಗಳನ್ನು ಕಂಟ್ರೋಲ್ ರೂಮಿನಲ್ಲಿ ತೋರಿಸುವ ವ್ಯವಸ್ಥೆ) ಜೋಡಿಸಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ಒಂದು ಲೆಕ್ಕ ಹಾಕಿ.

ಥರ್ಮಲ್ ತಪಾಸಣೆಗೆ ಇರುವ ಐಇಸಿ 62446-3 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪ್ಯಾನೆಲ್ಲಿನ ಒಂದು 6 ಇಂಚಿನ ಸೆಲ್ ಮೇಲೆ ಕನಿಷ್ಠ 5×5 ಪಿಕ್ಸೆಲ್ ಬೀಳಬೇಕು, ಅಂದರೆ ಪಿಕ್ಸೆಲ್ಲಿಗೆ 3 ಸೆಂ.ಮೀ. 640×512ರ ಕ್ಯಾಮೆರಾ, 12 ಮೈಕ್ರಾನ್ ಪಿಕ್ಸೆಲ್, 13 ಮಿ.ಮೀ. ಲೆನ್ಸ್ ಇದ್ದರೆ 30 ಮೀಟರ್ ಎತ್ತರದಲ್ಲಿ 2.8 ಸೆಂ.ಮೀ. ಸಿಗುತ್ತದೆ, 32 ಮೀಟರ್ ದಾಟಿದರೆ ಕೈತಪ್ಪುತ್ತದೆ. ಒಂದು ಚಿತ್ರದ ಅಗಲ 18 ಮೀಟರಿಗಿಂತ ತುಸು ಕಡಿಮೆ. ಪಕ್ಕದ ಓವರ್‌ಲ್ಯಾಪ್ 70% ಇಟ್ಟರೆ ಡ್ರೋನ್ ಹಾರುವ ಒಂದು ಸಾಲಿಂದ ಮುಂದಿನ ಸಾಲಿಗೆ 5.3 ಮೀಟರ್. ವೇಗ ಸೆಕೆಂಡಿಗೆ 3 ಮೀಟರ್ ಮೀರಬಾರದು, ಏಕೆಂದರೆ ಕೂಲಿಂಗ್ ಇಲ್ಲದ ಥರ್ಮಲ್ ಸೆನ್ಸರ್ ಪ್ರತಿಕ್ರಿಯಿಸಲು 10 ಮಿಲಿಸೆಕೆಂಡ್ ಆಸುಪಾಸು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಡ್ರೋನ್ 3 ಸೆಂ.ಮೀ. ಮುಂದೆ ಹೋಗಿ ಒಂದು ಪಿಕ್ಸೆಲ್ ಮಸುಕಾಗಿರುತ್ತದೆ. ಇದನ್ನೆಲ್ಲ ಗುಣಿಸಿದರೆ ಗಂಟೆಗೆ 14 ಎಕರೆ, ಹೆಚ್ಚೆಂದರೆ 2 ಮೆಗಾವಾಟ್ ಚಿಲ್ಲರೆ. ಬಿಸಿಲು ಸಾಕಷ್ಟಿರುವುದು ದಿನಕ್ಕೆ ನಾಲ್ಕೈದು ಗಂಟೆ, ಅದರಲ್ಲೂ ಬ್ಯಾಟರಿ ಬದಲಿಸುವ ಹೊತ್ತು ಕಳೆಯಬೇಕು. 50 ಮೆಗಾವಾಟಿನ ಪ್ಲಾಂಟಿಗೆ ಒಂದು ಸುತ್ತು ಅಂದರೆ ಒಂದು ವಾರದ ಕೆಲಸ.

ಹಾಗಾಗಿ ಪ್ಲಾಂಟಿನಲ್ಲಿ ಆಗಲೇ ಇರುವ ಮೀಟರು, ಸೆನ್ಸರುಗಳು ಡ್ರೋನಿಗೆ ಎಲ್ಲಿ ಹೋಗಬೇಕು ಎಂದು ಹೇಳಬೇಕು. ಜೋಡಣೆಯ ಅಸಲಿ ಲಾಭ ಇದು. ಡ್ಯಾಶ್‌ಬೋರ್ಡ್ ಮೇಲೆ ಡ್ರೋನಿನ ಚುಕ್ಕೆ ಓಡಾಡುವುದು ನೋಡಲು ಚೆಂದ, ಅಷ್ಟೇ.

ಯಾವ ದೋಷ ಯಾರ ಕಣ್ಣಿಗೆ ಬೀಳುತ್ತದೆ ಎನ್ನುವುದನ್ನು ಮೊದಲು ವಿಂಗಡಿಸಿ. ಸ್ಟ್ರಿಂಗ್ ಅಂದರೆ ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್ಲುಗಳ ಗುಂಪು, ಎಸ್‌ಎಂಬಿ ಅಂದರೆ ಹಲವು ಸ್ಟ್ರಿಂಗ್ ಬಂದು ಸೇರುವ, ಒಂದೊಂದರ ಕರೆಂಟ್ ಅಳೆಯುವ ಪೆಟ್ಟಿಗೆ. 24 ಸ್ಟ್ರಿಂಗಿನ ಒಂದು ಎಸ್‌ಎಂಬಿ ತೆಗೆದುಕೊಳ್ಳಿ. 23 ಸ್ಟ್ರಿಂಗ್ 9 ಆಂಪಿಯರ್ ಆಸುಪಾಸು ಇದ್ದು ಒಂದು ಮಾತ್ರ 0 ಎಂದರೆ ಅಲ್ಲಿ ಫ್ಯೂಸ್ ಹೋಗಿದೆ, ಇಲ್ಲವೇ ಪ್ಯಾನೆಲ್ ಕೇಬಲ್ ಜೋಡಿಸುವ ಎಂಸಿ4 ಕನೆಕ್ಟರ್ ಸುಟ್ಟಿದೆ. ಇದಕ್ಕೆ ಡ್ರೋನ್ ಕಳಿಸುವುದು ದಂಡ. ಥರ್ಮಲ್ ಚಿತ್ರದಲ್ಲಿ ಇಡೀ ಸ್ಟ್ರಿಂಗ್ ಅಕ್ಕಪಕ್ಕಕ್ಕಿಂತ ಕೆಲವು ಡಿಗ್ರಿ ಬೆಚ್ಚಗೆ ಕಾಣುತ್ತದೆಯೇ ಹೊರತು ಎಲ್ಲಿ ಕಡಿದಿದೆ ಎಂದು ಗೊತ್ತಾಗುವುದಿಲ್ಲ. ಕ್ಲ್ಯಾಂಪ್ ಮೀಟರ್ ಹಿಡಿದ ಒಬ್ಬ ಟೆಕ್ನೀಷಿಯನ್ ಸಾಕು. ಬೈಪಾಸ್ ಡಯೋಡ್ (ಪ್ಯಾನೆಲ್ಲಿನ ಮೂರನೇ ಒಂದು ಭಾಗಕ್ಕೆ ಒಂದರಂತೆ ಇರುವ, ಕೆಟ್ಟ ಭಾಗವನ್ನು ಬಿಟ್ಟು ಕರೆಂಟ್ ದಾಟಿಸುವ ಬಿಡಿಭಾಗ) ವಿಷಯ ಇದಕ್ಕೆ ತಿರುವುಮುರುವು. 30 ಪ್ಯಾನೆಲ್ಲಿನ ಸ್ಟ್ರಿಂಗಿನಲ್ಲಿ ಒಂದು ಡಯೋಡ್ ಶಾರ್ಟ್ ಆದರೆ ಹೋಗುವುದು 90ರಲ್ಲಿ ಒಂದು ಪಾಲು ವೋಲ್ಟೇಜ್, 1.1%. ಎಸ್‌ಎಂಬಿಯ ಕರೆಂಟ್ ಸೆನ್ಸರಿನ ತಪ್ಪಿನಲ್ಲೇ ಅದು ಮುಚ್ಚಿಹೋಗುತ್ತದೆ. ಡ್ರೋನ್ ಚಿತ್ರದಲ್ಲಿ ಮಾತ್ರ ಪ್ಯಾನೆಲ್ಲಿನ ಮೂರನೇ ಒಂದು ಭಾಗ ಪಟ್ಟಿ ಎಳೆದಂತೆ ಬಿಸಿಯಾಗಿ ಎದ್ದು ಕಾಣುತ್ತದೆ. ಆದ್ದರಿಂದ ನಿಯಮ ಬರೆಯುವಾಗ: ಕರೆಂಟ್ ಪೂರ್ತಿ 0 ಆದರೆ ಟಿಕೆಟ್ (ದುರಸ್ತಿ ಕೆಲಸದ ಚೀಟಿ) ನೇರ ಟೆಕ್ನೀಷಿಯನ್‌ಗೆ, ಸ್ಟ್ರಿಂಗ್ ತನ್ನ ಎಸ್‌ಎಂಬಿಯ ಮಧ್ಯಾಂಕಕ್ಕಿಂತ 4-5% ಕೆಳಗೆ ಮೂರು ದಿನ ಸತತವಾಗಿ ಇದ್ದರೆ ಡ್ರೋನ್ ಪಟ್ಟಿಗೆ. ಒಂದೇ ದಿನದ ಇಳಿಕೆ ನಂಬಬೇಡಿ, ಅದು ಧೂಳೋ ಹುಲ್ಲಿನ ನೆರಳೋ ಇರುತ್ತದೆ. ಡಯೋಡಿನಂಥ ದೋಷಗಳಿಗೆ ವರ್ಷಕ್ಕೊಮ್ಮೆಯಾದರೂ ಪೂರ್ತಿ ಸುತ್ತು ತಪ್ಪಿದ್ದಲ್ಲ.

ಇನ್ನು ತಂತಿ ಜೋಡಣೆ. ಹಲವು ಡ್ರೋನುಗಳ ಆಟೊಪೈಲಟ್ ಮ್ಯಾವ್‌ಲಿಂಕ್ ಎಂಬ ಸಂದೇಶ ಭಾಷೆ ಮಾತಾಡುತ್ತದೆ, ಪ್ಲಾಂಟಿನ ಉಪಕರಣಗಳದು ಬೇರೆ ಭಾಷೆ, ಮಾಡ್‌ಬಸ್. ನಡುವೆ ಸಂದೇಶ ಪಡೆದು ಬೇಕಾದವರಿಗೆ ಹಂಚುವ ಎಂಕ್ಯೂಟಿಟಿ ಬ್ರೋಕರ್ ಒಂದನ್ನು ಕೂರಿಸಿ. ಕಂಟ್ರೋಲ್ ರೂಮಿನ ಸಾಧಾರಣ ಪಿಸಿಯಲ್ಲಿ ಮೊಸ್ಕಿಟೊ ಎಂಬ ಬ್ರೋಕರ್ ಸಾಫ್ಟ್‌ವೇರ್ ಸಾಕು. ಡ್ರೋನ್ ನಿಯಂತ್ರಿಸುವ ಗ್ರೌಂಡ್ ಸ್ಟೇಷನ್ ಪಕ್ಕ ಪುಟ್ಟ ಕಂಪ್ಯೂಟರ್ ಆದ ಒಂದು ರಾಸ್ಪ್‌ಬೆರಿ ಪೈ ಇಟ್ಟು, 14550 ಯುಡಿಪಿ ಪೋರ್ಟಿನಿಂದ ಓದಿ, ಸೆಕೆಂಡಿಗೆ ಒಂದೇ ಸಲ ಬ್ರೋಕರಿಗೆ ಕಳಿಸಿ. ಮ್ಯಾವ್‌ಲಿಂಕ್ ಅಕ್ಷಾಂಶವನ್ನು 1 ಕೋಟಿಯಿಂದ ಗುಣಿಸಿ, ಎತ್ತರವನ್ನು ಮಿಲಿಮೀಟರಿನಲ್ಲಿ ಕೊಡುತ್ತದೆ. ಭಾಗಿಸುವುದು ಮರೆತರೆ 30 ಮೀಟರಿನ ಡ್ರೋನ್ 30,000 ಮೀಟರಿನಲ್ಲಿ ಹಾರುತ್ತದೆ.

ಸ್ಥಾನದ ಸಂದೇಶಕ್ಕೆ ಕ್ಯೂಒಎಸ್ (ಸಂದೇಶ ತಲುಪಿಸುವ ಖಾತ್ರಿಯ ಮಟ್ಟ) 0 ಸಾಕು, ಒಂದೆರಡು ತಪ್ಪಿದರೆ ನಷ್ಟವಿಲ್ಲ. ಅದಕ್ಕೆ ರಿಟೇನ್ (ಕೊನೆಯ ಸಂದೇಶವನ್ನು ಬ್ರೋಕರ್ ಉಳಿಸಿಟ್ಟುಕೊಳ್ಳುವ ಆಯ್ಕೆ) ಹಾಕಬೇಡಿ, ಡ್ರೋನ್ ಪೆಟ್ಟಿಗೆ ಸೇರಿದ ಮೇಲೂ ನಕ್ಷೆಯಲ್ಲಿ ಹಾರುತ್ತಲೇ ಇರುತ್ತದೆ. ದೋಷದ ಸಂದೇಶಕ್ಕೆ ಕ್ಯೂಒಎಸ್ 1. ಆದರೆ ಕ್ಯೂಒಎಸ್ 1 ಅಂದರೆ ಕನಿಷ್ಠ ಒಂದು ಸಲ ಎಂದರ್ಥ, ಲಿಂಕ್ ತಡವರಿಸಿದರೆ ಅದೇ ಸಂದೇಶ ಎರಡು ಸಲ ಬಂದು ಒಂದೇ ಪ್ಯಾನೆಲ್ಲಿಗೆ ಎರಡು ವರ್ಕ್ ಆರ್ಡರ್ ಹುಟ್ಟುತ್ತದೆ. ಪ್ರತಿ ದೋಷಕ್ಕೂ ಸ್ವಂತ ಐಡಿ ಕೊಟ್ಟು, ಅದೇ ಐಡಿ ಮತ್ತೆ ಬಂದರೆ ಟಿಕೆಟ್ ವ್ಯವಸ್ಥೆ ಸುಮ್ಮನಿರಬೇಕು. ಥರ್ಮಲ್ ಚಿತ್ರಗಳನ್ನು ಈ ದಾರಿಯಲ್ಲಿ ತುರುಕಬೇಡಿ. ಕಾರ್ಡ್ ತಂದು ಕಂಟ್ರೋಲ್ ರೂಮಿನಲ್ಲಿ ನಕಲು ಮಾಡುವುದೇ ಬೇಗ. ದೂರದ ಸೆನ್ಸರುಗಳ ಸಣ್ಣ ಸಂದೇಶಕ್ಕೆಂದಿರುವ ಲೋರಾವ್ಯಾನ್ ರೇಡಿಯೊ ಅಂತೂ ಮಾತೇ ಇಲ್ಲ. ನಮ್ಮ 865 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಅತಿ ದೂರದ ಸೆಟ್ಟಿಂಗಿಗೆ ಒಂದು ಸಂದೇಶಕ್ಕೆ ಹೆಚ್ಚೆಂದರೆ 51 ಬೈಟ್. ಪ್ಯಾನೆಲ್ಲಿನ ತಾಪಮಾನ ಕಳಿಸಲು ಸರಿ.

ಡೇಟಾ ಪ್ಲಾಂಟಿನಿಂದ ಡ್ರೋನ್ ತಂಡದ ಕಡೆ ಹರಿಯಲಿ, ಡ್ರೋನಿನಿಂದ ಟಿಕೆಟ್ ಕಡೆ ಹರಿಯಲಿ. ಬ್ರೋಕರ್ ಮೂಲಕ ಡ್ರೋನಿಗೆ ‘ಏಳು, ಇಳಿ’ ಎಂಬ ಆಜ್ಞೆ ಮಾತ್ರ ಹೋಗಬಾರದು. ಯಾರದೋ ಲ್ಯಾಪ್‌ಟಾಪಿನ ಪರೀಕ್ಷಾ ಸಂದೇಶಕ್ಕೆ ರೆಕ್ಕೆ ತಿರುಗಿದರೆ ಹತ್ತಿರ ನಿಂತವರ ಬೆರಳು ಹೋಗುತ್ತದೆ. ಅದೇ ರೀತಿ ಸ್ಕಾಡಾದಿಂದ ಓದಲಷ್ಟೇ ಬರುವ ಪ್ರತಿಯನ್ನು ಕೇಳಿ, ಇನ್ವರ್ಟರ್ ಇರುವ ನೆಟ್‌ವರ್ಕಿಗೆ ಪೈ ಕಾಲಿಡುವುದೇ ಬೇಡ.

ಇಷ್ಟೂ ಒಂದು ವಾರದಲ್ಲಿ ಆಗುತ್ತದೆ. ತಿಂಗಳು ತಿನ್ನುವುದು ಹೆಸರು ಮತ್ತು ವಿಳಾಸ.

ಚಿತ್ರದಲ್ಲಿ ಬಿಸಿ ಚುಕ್ಕೆ ಕಂಡಿತು. ಅದು ಯಾವ ಪ್ಯಾನೆಲ್? ಮಾಮೂಲಿ ಜಿಪಿಎಸ್ 2–3 ಮೀಟರ್ ಅತ್ತಿತ್ತ, ಪ್ಯಾನೆಲ್ಲಿನ ಅಗಲ 1.1 ಮೀಟರ್. ಆರ್‌ಟಿಕೆ (ನೆಲದ ಬೇಸ್ ಸ್ಟೇಷನ್ನಿನ ನೆರವಿನಿಂದ ಜಿಪಿಎಸ್ ತಪ್ಪು ತಿದ್ದುವ ವಿಧಾನ) ಹಾಕಿದರೆ ಡ್ರೋನಿನ ಸ್ಥಾನ 2–3 ಸೆಂ.ಮೀ.ಗೆ ಬರುತ್ತದೆ, ಆದರೆ ಬೇಸ್ ಸ್ಟೇಷನ್ನನ್ನು ದಿನವೂ ಹೊಸದಾಗಿ ತಾನೇ ಸ್ಥಾನ ಅಳೆದುಕೊಳ್ಳಲು ಬಿಟ್ಟರೆ ಇಡೀ ನಕ್ಷೆ ದಿನಕ್ಕೊಂದು ಕಡೆ ಮೀಟರುಗಟ್ಟಲೆ ಸರಿಯುತ್ತದೆ. ಒಂದು ಕಾಂಕ್ರೀಟ್ ಕಂಬ ನೆಟ್ಟು, ಅದರ ಸ್ಥಾನ ಒಮ್ಮೆ ಅಳೆದು, ಅದನ್ನೇ ಪ್ರತಿ ದಿನ ಕೈಯಲ್ಲಿ ಹಾಕಿ. ಕ್ಯಾಮೆರಾ ಹಿಡಿದಿರುವ ಗಿಂಬಲ್ 5 ಡಿಗ್ರಿ ಓರೆಯಾದರೆ 30 ಮೀಟರ್ ಎತ್ತರದಿಂದ 2.6 ಮೀಟರ್ ತಪ್ಪುತ್ತದೆ. ಅಲ್ಲಿಗೆ ಆರ್‌ಟಿಕೆ ಖರ್ಚು ನೀರಲ್ಲಿ ಹೋಮ.

ಗಡಿಯಾರದ್ದೂ ಇದೇ ಕಥೆ. ಸ್ಕಾಡಾ ಭಾರತೀಯ ಸಮಯ, ಡ್ರೋನ್ ಲಾಗ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ), ಕ್ಯಾಮೆರಾದ ಸಮಯಕ್ಕೆ ವಲಯವೇ ಇಲ್ಲ. ಐದೂವರೆ ಗಂಟೆಯ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಜಿಪಿಎಸ್ ಸಮಯ ಯುಟಿಸಿಗಿಂತ 18 ಸೆಕೆಂಡ್ ಮುಂದಿರುವುದು ಬೀಳುವುದಿಲ್ಲ. ಚಿತ್ರವನ್ನೂ ಲಾಗನ್ನೂ ಸಮಯ ನೋಡಿ ಹೊಂದಿಸುವವರಿಗೆ 18 ಸೆಕೆಂಡ್ ಅಂದರೆ 54 ಮೀಟರ್. ಎಲ್ಲ ಯಂತ್ರಗಳಿಗೂ ಒಂದೇ ಎನ್‌ಟಿಪಿ (ಗಡಿಯಾರ ಹೊಂದಿಸುವ) ಸರ್ವರ್ ತೋರಿಸಿ, ಒಳಗೆಲ್ಲ ಯುಟಿಸಿಯಲ್ಲೇ ಉಳಿಸಿ.

ಆಮೇಲೆ ಹೆಸರು. ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರಿನಲ್ಲಿ ಪ್ರತಿ ಪ್ಯಾನೆಲ್ಲಿಗೆ ಒಂದು ಚೌಕ ಬರೆದು ಬ್ಲಾಕ್, ಇನ್ವರ್ಟರ್, ಎಸ್‌ಎಂಬಿ, ಸ್ಟ್ರಿಂಗ್, ಪ್ಯಾನೆಲ್ ಸಂಖ್ಯೆ ಸೇರಿಸಿ ಹೆಸರಿಡಿ. ಆಸ್-ಬಿಲ್ಟ್ ಡ್ರಾಯಿಂಗ್ (ಪ್ಲಾಂಟ್ ಕಟ್ಟಿದ ಮೇಲೆ ಕೊಟ್ಟ ನಕ್ಷೆ) ನಂಬಿ ಬರೆದರೆ ಕೆಟ್ಟಿರಿ. ಕಮಿಷನಿಂಗ್ ಆತುರದಲ್ಲಿ 11ನೇ ಸ್ಟ್ರಿಂಗಿನ ಕೇಬಲ್ 12ರ ಟರ್ಮಿನಲ್ಲಿಗೆ ಹೋಗಿರುವುದು ಸಾಮಾನ್ಯ. ಪರೀಕ್ಷೆ ಸುಲಭ: ಬಿಸಿಲು ಚೆನ್ನಾಗಿರುವಾಗ ಒಂದು ಸ್ಟ್ರಿಂಗಿನ ನಾಲ್ಕು ಪ್ಯಾನೆಲ್ ಪೂರ್ತಿ ಮುಚ್ಚುವಂತೆ ಟಾರ್ಪಾಲ್ ಹೊದಿಸಿ, ಸ್ಕಾಡಾದಲ್ಲಿ ಯಾವ ಚಾನೆಲ್ಲಿನ ಕರೆಂಟ್ ಬಿತ್ತು ನೋಡಿ, ತೆಗೆಯಿರಿ. 30ರಲ್ಲಿ ನಾಲ್ಕು ಮುಚ್ಚಿದರೆ ಆ ಸ್ಟ್ರಿಂಗಿನ ಕರೆಂಟ್ ಎದ್ದು ಕಾಣುವಷ್ಟು ಇಳಿಯುತ್ತದೆ. ಫ್ಯೂಸ್ ಕಿತ್ತು ನೋಡುತ್ತೇವೆ ಎನ್ನುವವರಿದ್ದಾರೆ. ಲೋಡ್ ಇರುವಾಗ ಡಿಸಿ ಫ್ಯೂಸ್ ಹೋಲ್ಡರ್ ತೆರೆದರೆ ಕಿಡಿ ಆರುವುದಿಲ್ಲ, ಕೈ ಸುಡುತ್ತದೆ.

ಹಾರಿಸುವ ತೀರ್ಮಾನವನ್ನೂ ಹವಾ ಕೇಂದ್ರದ ಅಂಕಿಗಳೇ ಮಾಡಲಿ: ಪ್ಯಾನೆಲ್ ಮೇಲೆ ಬೀಳುವ ಬಿಸಿಲು ಹತ್ತು ನಿಮಿಷದಿಂದ ಚದರ ಮೀಟರಿಗೆ 600 ವಾಟ್ ಮೇಲಿರಬೇಕು, ಗಾಳಿ ಗಂಟೆಗೆ 28 ಕಿ.ಮೀ. ಒಳಗಿರಬೇಕು. ಗಾಳಿ ಜೋರಾದರೆ ಪ್ಯಾನೆಲ್ ತಣಿದು ದೋಷ ಮರೆಯಾಗುತ್ತದೆ. ಬಯಲುಸೀಮೆಯ ಆಷಾಢದ ಗಾಳಿಯಲ್ಲಿ ಸಮೀಕ್ಷೆ ಇಟ್ಟುಕೊಳ್ಳಬೇಡಿ. ಟೇಕ್‌ಆಫ್ ಮಾಡುವ ಜಾಗ ಟ್ರಾನ್ಸ್‌ಫಾರ್ಮರ್ ಮತ್ತು ಕಬ್ಬಿಣದ ಸ್ಟ್ರಕ್ಚರಿನಿಂದ ದೂರವಿರಲಿ, ಇಲ್ಲದಿದ್ದರೆ ದಿಕ್ಸೂಚಿ ಕೆಟ್ಟ ದಿಕ್ಕು ತೋರಿಸುತ್ತದೆ.

ಕಾನೂನು ಚುಟುಕಾಗಿ: 2021ರ ಡ್ರೋನ್ ನಿಯಮಗಳಂತೆ 2ರಿಂದ 25 ಕೆ.ಜಿ. ಡ್ರೋನ್ ‘ಸ್ಮಾಲ್’ ವರ್ಗ. ನೋಂದಣಿ ಸಂಖ್ಯೆ, ಪ್ರಮಾಣಪತ್ರ ಇರುವ ಪೈಲಟ್ ಬೇಕು. ಸರ್ಕಾರದ ಡ್ರೋನ್ ನಕ್ಷೆಯ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು, ವಲಯದ ನಕ್ಷೆಯನ್ನು ಅದೇ ದಿನ ಬೆಳಗ್ಗೆ ನೋಡಿ. ಕಣ್ಣಳತೆ ಮೀರಿ ಹಾರಿಸಲು ಬೇರೆಯದೇ ಅನುಮತಿ ಬೇಕು. ಹಾಗಾಗಿ ಪೆಟ್ಟಿಗೆಯಿಂದ ತಾನೇ ಎದ್ದು ಹಾರಿ ಬರುವ ಡ್ರೋನ್ ಮಾರಲು ಬಂದವರನ್ನು ಮೊದಲು ಆ ಕಾಗದ ಕೇಳಿ.

ಕೊನೆಗೆ ಟಿಕೆಟ್. ದೋಷದ ಜೊತೆ ಚಿತ್ರ, ಆ ಕ್ಷಣದ ಬಿಸಿಲು, ಪಕ್ಕದ ಪ್ಯಾನೆಲ್ಲಿಗಿಂತ ಎಷ್ಟು ಡಿಗ್ರಿ ಹೆಚ್ಚು, ಇಷ್ಟು ತಾನಾಗಿ ತುಂಬಲಿ. ಪ್ಯಾನೆಲ್ಲಿನ ಸೀರಿಯಲ್ ನಂಬರ್ ಮಾತ್ರ ಡ್ರೋನಿಗೆ ಸಿಗುವುದಿಲ್ಲ. ವಾರಂಟಿ ಕೇಳಲು ಅದೇ ಬೇಕು. ಟೆಕ್ನೀಷಿಯನ್ ಮೊಬೈಲಿನಲ್ಲಿ ಆ ಬಾರ್‌ಕೋಡ್ ಫೋಟೊ ತೆಗೆದು ಹಾಕುವವರೆಗೆ ಟಿಕೆಟ್ ಮುಚ್ಚದಂತೆ ಕಟ್ಟಿ.