ಏಳೇ ಸಲ ಏಕೆ? ಒಂಬತ್ತನೇ ತರಗತಿಯ ಶಬ್ದ ಪಾಠದ ದಿನಚರಿ

ನವೆಂಬರ್ 18

ಕಳೆದ ವರ್ಷ ಶಬ್ದದ ಪಾಠ ಆರಂಭಿಸುವ ಮೊದಲೇ ಒಂಬತ್ತನೇ ತರಗತಿಯವರನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ನಮ್ಮೂರಿನಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಇಷ್ಟು ಹತ್ತಿರದಲ್ಲಿ ಇಂಥ ಪ್ರಯೋಗಶಾಲೆ ಇರುವಾಗ ಬೇರೇನು ಬೇಕು ಎಂಬ ಹುಮ್ಮಸ್ಸು ನನಗೆ. ಮಕ್ಕಳು ಮೇಲೆ ಹತ್ತಿದರು, ಕೂಗಿದರು, ಶಿಳ್ಳೆ ಹಾಕಿದರು, ಕೆಳಗಿಳಿದು ಚುರುಮುರಿ ತಿಂದರು. ಮರುದಿನ ತರಗತಿಯಲ್ಲಿ ಏನು ಕಂಡಿರಿ ಎಂದು ಕೇಳಿದರೆ ಒಂದೇ ಉತ್ತರ: 'ಪ್ರತಿಧ್ವನಿ ಏಳು ಸಲ ಕೇಳಿಸಿತು ಸರ್.' ಅದು ಯಾರೂ ಎಣಿಸಿ ಹೇಳಿದ್ದಲ್ಲ, ಮನೆಯಿಂದಲೇ ತಂದಿದ್ದ ಉತ್ತರ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ 'ಏಳೇ ಏಕೆ ಸರ್? ಎಂಟು ಏಕೆ ಆಗಲಿಲ್ಲ?' ಎಂದಳು. ನಾನು ಪ್ರತಿಫಲನ, ಗುಮ್ಮಟದ ಆಕಾರ ಎಂದೇನೋ ಹೇಳಿ ಜಾರಿಕೊಂಡೆ. ಆ ಜಾರಿಕೊಂಡದ್ದು ವರ್ಷವಿಡೀ ಚುಚ್ಚುತ್ತಿತ್ತು.

ಈ ಸಲ ಪಾಠವನ್ನು ತಿರುವಿ ಹಾಕಿದ್ದೇನೆ. ಪ್ರವಾಸ ಕೊನೆಗೆ. ಗುಮ್ಮಟ ಹತ್ತುವ ಹೊತ್ತಿಗೆ ಮಕ್ಕಳ ಕೈಯಲ್ಲಿ ತಾವೇ ಅಳೆದ ಒಂದು ಸಂಖ್ಯೆ ಇರಬೇಕು: ಗಾಳಿಯಲ್ಲಿ ಶಬ್ದದ ವೇಗ. ಅದನ್ನು ಹಿಡಿದು, ಟೇಪ್ ಇಲ್ಲದೆ, ಕಿವಿಯಿಂದಲೇ ಗುಮ್ಮಟದ ವ್ಯಾಸ ಅಳೆಯಬೇಕು. ನಲವತ್ತು ನಿಮಿಷದ ಹನ್ನೆರಡು ಅವಧಿಗಳು ಸಿಗುತ್ತವೆ. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯಿಂದ ವಿಜಯಪುರ ತುಂಬಿಬಿಡುತ್ತದೆ, ಆದ್ದರಿಂದ ಜನವರಿ ಮೊದಲ ಹತ್ತು ದಿನಗಳೊಳಗೆ ಹೋಗಿ ಬಂದುಬಿಡಬೇಕು.

ನವೆಂಬರ್ 26

ಮೊದಲ ಅವಧಿಗೆ ಪಠ್ಯಪುಸ್ತಕ ತೆರೆಯಲಿಲ್ಲ. ಬಿಸಿಯೂಟದ ಕೋಣೆಯಿಂದ ಒಂದು ಸ್ಟೀಲ್ ಕೊಡ ತಂದು ನಲ್ಲಿಯ ಕೆಳಗಿಟ್ಟು, ಎಲ್ಲರನ್ನೂ ಬೆನ್ನು ತಿರುಗಿಸಿ ನಿಲ್ಲಿಸಿದೆ. ಕೊಡ ತುಂಬಿತು ಎನಿಸಿದಾಗ ಕೈ ಎತ್ತಬೇಕು, ಅಷ್ಟೆ. ದಿನವೂ ನೀರು ಹಿಡಿಯುವ ಹುಡುಗಿಯರ ಕೈಗಳು ಒಂದೆರಡು ಸೆಕೆಂಡಿನ ಅಂತರದಲ್ಲಿ ಮೇಲೆದ್ದವು. ಹುಡುಗರಲ್ಲಿ ಅರ್ಧದಷ್ಟು ಜನ ನೀರು ಚೆಲ್ಲಿದ ಮೇಲೆ ಎತ್ತಿದರು. ಯಾರ ಮನೆಯಲ್ಲಿ ಯಾರು ನೀರು ತರುತ್ತಾರೆ ಎಂಬುದು ಭೌತಶಾಸ್ತ್ರದ ತರಗತಿಯಲ್ಲಿ ಹೀಗೆ ಬಯಲಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

'ಹೇಗೆ ಗೊತ್ತಾಯಿತು?' ಎಂದರೆ 'ಸದ್ದು ಸಣ್ಣಗಾಗುತ್ತಾ ಹೋಗುತ್ತದೆ ಸರ್' ಎಂದರು. ಸಣ್ಣಗೆ ಎಂದರೆ ಮೆಲ್ಲಗೆ ಎಂದಲ್ಲ, ಕೀರಲು. ಸ್ಥಾಯಿ ಮತ್ತು ಗಟ್ಟಿತನ ಬೇರೆ ಬೇರೆ ಎಂಬುದನ್ನು ವಿವರಿಸಲು ಹೋದ ವರ್ಷ ಒಂದು ಇಡೀ ಅವಧಿ ಕಳೆದಿದ್ದೆ. ಈ ಸಲ ಕೊಡವೇ ಹೇಳಿಬಿಟ್ಟಿತು. ನೀರು ಏರಿದಂತೆ ಮೇಲಿನ ಗಾಳಿಯ ಕಂಬ ಗಿಡ್ಡವಾಗುತ್ತದೆ, ಗಿಡ್ಡ ಕಂಬದ ಆವೃತ್ತಿ ಹೆಚ್ಚು.

ಅಲ್ಲಿಂದ ಪಿವಿಸಿ ಪೈಪಿಗೆ ಬಂದೆವು. ನಾಲ್ಕು ಸೆಂಟಿಮೀಟರ್ ಅಗಲದ ಪೈಪನ್ನು ಬಕೆಟ್ ನೀರಿನಲ್ಲಿ ಮೇಲೆ ಕೆಳಗೆ ಮಾಡುತ್ತಾ, ಬಾಯಿಯ ಮೇಲೆ 512 ಹರ್ಟ್ಸ್‌ನ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಹಿಡಿಯುವುದು. ಶಾಲೆಯಲ್ಲಿರುವುದು ಒಂದೇ ಒಂದು ಕವೆ. ಅದರ ರಬ್ಬರ್ ಸುತ್ತಿಗೆ ಎಂದೋ ಕಳೆದುಹೋಗಿದೆ. ಹವಾಯಿ ಚಪ್ಪಲಿಯ ಅಟ್ಟೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಪೈಪು ನೀರಿನಿಂದ ಹದಿನೈದೂವರೆ ಸೆಂಟಿಮೀಟರ್ ಮೇಲೆದ್ದಾಗ ಸದ್ದು ಥಟ್ಟನೆ ಉಬ್ಬಿತು. ಕೋಣೆಯಲ್ಲಿ 'ಓ!' ಎಂಬ ಉದ್ಗಾರ. ಅನುನಾದ ಎಂಬ ಹೆಸರನ್ನು ಆ ಉದ್ಗಾರದ ನಂತರವೇ ಹಲಗೆಯ ಮೇಲೆ ಬರೆದೆ.

ಡಿಸೆಂಬರ್ 4

ಇಂದು ಕೆಟ್ಟ ದಿನ. ಶಾಲೆಯ ಗೋಡೆಯ ಎದುರು ನಿಂತು ಚಪ್ಪಾಳೆಯ ಪ್ರತಿಧ್ವನಿ ಕೇಳುವ ಯೋಜನೆ ನೆಲಕಚ್ಚಿತು. ನಮ್ಮ ಕಟ್ಟಡದ ಮುಂದೆ ಜಗುಲಿ, ಕಂಬ, ತೆರೆದ ಕಿಟಕಿ. ಸದ್ದು ಚೂರುಚೂರಾಗಿ ಮರಳುತ್ತದೆ, ಒಂದು ಪೆಟ್ಟಾಗಿ ಮರಳುವುದಿಲ್ಲ. ಸಾಲದ್ದಕ್ಕೆ ಏಳನೇ ತರಗತಿಯವರು ಕಿಟಕಿಯಿಂದ ಪ್ರತಿ ಚಪ್ಪಾಳೆಗೂ ತಮ್ಮದೊಂದು ಪ್ರತಿಧ್ವನಿ ಸೇರಿಸಿದರು.

ಡಿಸೆಂಬರ್ 6

ಊರಾಚೆಯ ಗೋದಾಮಿನ ಹಿಂಗೋಡೆ ಸಿಕ್ಕಿತು. ಕಿಟಕಿಯಿಲ್ಲ, ಎತ್ತರ ಇದೆ, ಎದುರಿಗೆ ಬಯಲು. ಕಾವಲಿಗಿರುವ ಅಜ್ಜನ ಅನುಮತಿ ಪಡೆದು ಗೋಡೆಯಿಂದ ಸರಿಯಾಗಿ 50 ಮೀಟರ್ ಅಳೆದು ಸುಣ್ಣದ ಗೆರೆ ಎಳೆದೆವು.

ಒಂದೇ ಪ್ರತಿಧ್ವನಿಯ ಸಮಯವನ್ನು ಸ್ಟಾಪ್‌ವಾಚಿನಲ್ಲಿ ಹಿಡಿಯಲು ಆಗುವುದಿಲ್ಲ. ಹೋಗಿ ಬರುವ 100 ಮೀಟರ್ ದೂರಕ್ಕೆ ಸೆಕೆಂಡಿನ ಮೂರನೇ ಒಂದು ಭಾಗವೂ ಬೇಡ, ನಮ್ಮ ಹೆಬ್ಬೆರಳು ಅಷ್ಟು ಚುರುಕಲ್ಲ. ಆದ್ದರಿಂದ ತಾಳ ಹಾಕುವ ಉಪಾಯ. ಚಪ್ಪಾಳೆ, ಪ್ರತಿಧ್ವನಿ, ಚಪ್ಪಾಳೆ, ಪ್ರತಿಧ್ವನಿ ಎಲ್ಲವೂ ಸಮ ಅಂತರದಲ್ಲಿ ಬೀಳುವಂತೆ ತಟ್ಟುತ್ತಾ ಹೋಗಬೇಕು. ಆಗ ಎರಡು ಚಪ್ಪಾಳೆಗಳ ನಡುವಿನ ಹೊತ್ತಿನಲ್ಲಿ ಶಬ್ದ 200 ಮೀಟರ್ ಓಡಿರುತ್ತದೆ. ಇಪ್ಪತ್ತು ಚಪ್ಪಾಳೆಗಳ ಒಟ್ಟು ಸಮಯ ಹಿಡಿದು ಭಾಗಿಸಿದರಾಯಿತು. ಭಜನೆಗೆ ಹೋಗುವ ಹುಡುಗನೊಬ್ಬ ಎರಡೇ ನಿಮಿಷದಲ್ಲಿ ಲಯ ಹಿಡಿದ. ಗಣಿತದಲ್ಲಿ ಸದಾ ಮುಂದಿರುವ ಹುಡುಗನಿಗೆ ಅರ್ಧ ಗಂಟೆಯಾದರೂ ಬರಲಿಲ್ಲ.

ಸರಾಸರಿ 11 ಸೆಕೆಂಡ್. 200 ಗುಣಿಸು 20, ಭಾಗಿಸು 11: ಸೆಕೆಂಡಿಗೆ 364 ಮೀಟರ್. ಪುಸ್ತಕದಲ್ಲಿರುವುದು 22 ಡಿಗ್ರಿ ಸೆಲ್ಸಿಯಸ್‌ನಲ್ಲಿ 344. 'ಪುಸ್ತಕವೇ ತಪ್ಪಿರಬಹುದು' ಎಂದು ಒಬ್ಬ. 'ಗಾಳಿ ಬೀಸುತ್ತಿದೆ' ಎಂದು ಇನ್ನೊಬ್ಬ. ನನಗೆ ತಪ್ಪು ಗೊತ್ತಿತ್ತು, ಹಲ್ಲು ಕಚ್ಚಿ ಸುಮ್ಮನಿದ್ದೆ. ಅದು ಈ ವೃತ್ತಿಯಲ್ಲಿ ನನಗೆ ಇನ್ನೂ ಪೂರ್ತಿ ಒಲಿಯದ ವಿದ್ಯೆ.

ಹಿಡಿದವಳು ದ್ರಾಕ್ಷಿ ತೋಟದ ಮನೆಯ ಹುಡುಗಿ. 'ಸರ್, ಇಪ್ಪತ್ತು ಕಂಬ ನೆಟ್ಟರೆ ನಡುವೆ ಹತ್ತೊಂಬತ್ತೇ ಸಂದು ಇರುತ್ತದೆ. ನಾವು ಮೊದಲ ಚಪ್ಪಾಳೆಗೇ ಒಂದು ಎಂದೆವು. ಸೊನ್ನೆ ಎನ್ನಬೇಕಿತ್ತು.' 200 ಗುಣಿಸು 19, ಭಾಗಿಸು 11: ಸೆಕೆಂಡಿಗೆ 345. ಗೆರೆಯ ಬಳಿ ಕುಣಿದಾಟವೇ ಆಯಿತು. ಆಮೇಲೆ ಎಲ್ಲ ಗುಂಪುಗಳೂ ಸೊನ್ನೆಯಿಂದ ಎಣಿಸಿ ಮತ್ತೊಮ್ಮೆ ಅಳೆದವು. ಆ ಹೊತ್ತಿಗೆ ಉಷ್ಣಮಾಪಕದಲ್ಲಿ 26 ಡಿಗ್ರಿ. ಅದನ್ನೂ ಬರೆಸಿಟ್ಟೆ, ಗುಮ್ಮಟದಲ್ಲಿ ಬೇಕಾಗುತ್ತದೆ.

ಡಿಸೆಂಬರ್ 13

ತಬಲಾದ ದಿನ. ಭಜನಾ ಮಂಡಳಿಯಿಂದ ತಬಲಾ ಜೋಡಿ, ಜೊತೆಗೆ ಹಲಗೆ ಎಂಬ ಚರ್ಮವಾದ್ಯ. ಹಲಗೆಯ ಪೆಟ್ಟಿಗೆ ಸದ್ದಿದೆ, ಆದರೆ ಅದರ ಜೊತೆ ಸ್ವರ ಸೇರಿಸಿ ಹಾಡಿ ಎಂದರೆ ಮಕ್ಕಳು ತಡವರಿಸಿದರು. ತಬಲಾಕ್ಕೆ ತಕ್ಷಣ ಹಾಡಿದರು. ಎರಡೂ ಚರ್ಮವೇ, ವ್ಯತ್ಯಾಸ ನಡುವಿನ ಕರಿ ಬೊಟ್ಟಿನದು. ಬರಿಯ ಚರ್ಮದಲ್ಲಿ ಮೂಲ ಸ್ವರದ ಜೊತೆ ಏಳುವ ಮೇಲ್ಸ್ವರಗಳು ಅದರ ಎರಡು, ಮೂರು, ನಾಲ್ಕು ಪಟ್ಟು ಎಂದು ಕ್ರಮವಾಗಿ ಕೂರುವುದಿಲ್ಲ. ಆ ಬೊಟ್ಟಿನ ಭಾರ ಅವುಗಳನ್ನು ಸಾಲಿಗೆ ತರುತ್ತದೆ. ಸಿ. ವಿ. ರಾಮನ್ ಇದನ್ನು 1920ರಲ್ಲೇ, ಬೆಳಕಿನ ಚದುರುವಿಕೆಯ ಕೆಲಸಕ್ಕೆ ಹೆಸರಾಗುವ ಮೊದಲು, ತೋರಿಸಿಕೊಟ್ಟಿದ್ದರು. ರಾಮನ್ ಎಂದರೆ ಫೆಬ್ರವರಿ 28ರ ವಿಜ್ಞಾನ ದಿನದ ಭಾಷಣ ಎಂದಷ್ಟೇ ತಿಳಿದಿದ್ದ ಮಕ್ಕಳಿಗೆ ಅವರು ತಬಲಾ, ಮೃದಂಗದ ಮುಂದೆ ಕುಳಿತಿದ್ದರೆಂಬುದು ಹೊಸದು.

ಚರ್ಮದ ಮೇಲೆ ಸಣ್ಣ ರವೆ ಉದುರಿಸಿ ಕಂಪನದ ವಿನ್ಯಾಸ ತೋರಿಸಬೇಕೆಂದಿದ್ದೆ. ಮಂಡಳಿಯ ಹಿರಿಯರು ಒಪ್ಪಲಿಲ್ಲ. 'ವಾದ್ಯದ ಮೇಲೆ ತಿನ್ನುವ ಪದಾರ್ಥ ಚೆಲ್ಲಬಾರದು ಮೇಷ್ಟ್ರೇ' ಎಂದರು. ಸರಿಯೇ. ಸ್ಟೀಲ್ ಡಬ್ಬಿಯ ಬಾಯಿಗೆ ಬಲೂನಿನ ರಬ್ಬರ್ ಬಿಗಿದು, ಮೇಲೆ ಮರಳು ಹಾಕಿ ಕೆಲಸ ಸಾಗಿಸಿದೆ. ಅಷ್ಟೇನೂ ಚೆನ್ನಾಗಿ ಬರಲಿಲ್ಲ.

ಡಿಸೆಂಬರ್ 22

ಭಾನುವಾರ ಒಬ್ಬನೇ ಗುಮ್ಮಟಕ್ಕೆ ಹೋಗಿ ಬಂದೆ. ಹೋದ ವರ್ಷ ಮಾಡದೇ ಬಿಟ್ಟದ್ದು ಇದನ್ನೇ. ಬೆಳಿಗ್ಗೆ ಬಾಗಿಲು ತೆರೆದ ಮೊದಲ ಅರ್ಧ ಗಂಟೆ ಮಾತ್ರ ಒಳಗೆ ಮೌನ ಇರುತ್ತದೆ. ಆಮೇಲೆ ಬರುವ ಪ್ರತಿಯೊಬ್ಬರಿಗೂ ತಮ್ಮ ಹೆಸರನ್ನು ಒಮ್ಮೆ ಕೂಗಲೇಬೇಕು. ಬಲೂನು ಒಡೆಯುವ ಯೋಚನೆ ಬಿಟ್ಟೆ. 1656ರಿಂದ ನಿಂತಿರುವ ಸಮಾಧಿ ಅದು, ಪಟಾಕಿಯಂಥ ಸದ್ದು ಅಲ್ಲಿ ಸಲ್ಲದು. ಎರಡು ಹಲಗೆ ತುಂಡುಗಳಿಗೆ ಕೀಲು ಹಾಕಿಸಿದ ಚಪ್ಪಾಳೆ ಹಲಗೆ ಸಾಕು. ಕಾವಲುಗಾರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಕ್ಕು, ಆಗಲಿ ಎಂದರು.

ಮೊಬೈಲಿನಲ್ಲಿ ದಾಖಲಿಸಿ ಮನೆಗೆ ಬಂದು ಕಂಪ್ಯೂಟರಿನಲ್ಲಿ ಆಡಾಸಿಟಿ ತೆರೆದೆ, ಸದ್ದನ್ನು ಗೆರೆಯ ಚಿತ್ರವಾಗಿ ತೋರಿಸುವ ತಂತ್ರಾಂಶ ಅದು. ಪೆಟ್ಟು, ಆಮೇಲೆ ಸಮ ಅಂತರದಲ್ಲಿ ಗುಡ್ಡಗಳ ಸಾಲು. ಒಂದು ಎಚ್ಚರಿಕೆ: ಸದ್ದು ಇಳಿದಂತೆ ಮೊಬೈಲ್ ತಾನೇ ಅದನ್ನು ಎತ್ತಿ ಕೊಡುತ್ತದೆ. ಹಾಗಾಗಿ ಗುಡ್ಡದ ಎತ್ತರವನ್ನು ನಂಬುವಂತಿಲ್ಲ, ನಡುವಿನ ಸಮಯವನ್ನು ನಂಬಬಹುದು. ನಮಗೆ ಬೇಕಿರುವುದೂ ಸಮಯವೇ.

ಪಿಸುಮಾತಿನ ಬಗ್ಗೆಯೂ ಒಂದು ಪ್ರಯೋಗ ಮನಸ್ಸಿನಲ್ಲಿದೆ. ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ಎದುರು ಬದಿಯವರಿಗೂ ಕೇಳಿಸುತ್ತದೆ; ಅದು ಗುಮ್ಮಟವನ್ನು ಅಡ್ಡ ಹಾಯುವುದಕ್ಕಿಂತ ಗೋಡೆಯ ಬಾಗನ್ನೇ ತಬ್ಬಿಕೊಂಡು ಸಾಗುತ್ತದೆ ಎಂಬ ವಿವರಣೆ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ ಅವರದು. ರಾಮನ್ ಕೂಡ 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟದಲ್ಲಿ ಇದನ್ನೇ ಪರೀಕ್ಷಿಸಿದ್ದರು. ಗೋಡೆಗೆ ಒತ್ತಿ ಒಂದು ದೊಡ್ಡ ರಟ್ಟು ಹಿಡಿದರೆ ಪಿಸುಮಾತು ತಡೆಯಬೇಕು. ನೋಡೋಣ.

ಜನವರಿ 10

ಮೂವತ್ತೆಂಟು ಮಕ್ಕಳು, ನಾಲ್ಕು ಗುಂಪು, ಮೊದಲ ಬಸ್ಸು. ಮೂಲೆಯ ಗೋಪುರದ ಕಿರಿದಾದ ಮೆಟ್ಟಿಲುಗಳನ್ನು ಹತ್ತುವಾಗಲೇ ಕೂಗಾಟ ಬೇಡ ಎಂದು ಒಪ್ಪಂದ: ಮೊದಲ ಇಪ್ಪತ್ತು ನಿಮಿಷ ಅಳತೆ, ಆಮೇಲೆ ಹತ್ತು ನಿಮಿಷ ಎಷ್ಟು ಬೇಕಾದರೂ ಕೂಗಿಕೊಳ್ಳಿ. ಅಚ್ಚರಿಯೆಂದರೆ ಒಪ್ಪಂದ ಮುರಿಯಲಿಲ್ಲ. ಒಳಗೆ 19 ಡಿಗ್ರಿ. ಡಿಗ್ರಿಗೆ 0.6 ಮೀಟರಿನಂತೆ ಇಳಿಸಿ, ತಮ್ಮ 345ನ್ನು ಮಕ್ಕಳೇ 341 ಮಾಡಿಕೊಂಡರು.

ಗುಂಪಿಗೆ ಮೂರು ಮೂರು ಪೆಟ್ಟು. ಪ್ರತಿಯೊಬ್ಬರೂ ಪ್ರತಿಧ್ವನಿ ಎಷ್ಟು ಎಂದು ಎಣಿಸಿ, ಪಕ್ಕದವರಿಗೆ ತೋರಿಸದೆ ಅಂಗೈಯಲ್ಲಿ ಬರೆದುಕೊಳ್ಳಬೇಕು.

ರಟ್ಟಿನ ಪ್ರಯೋಗ ಮಾತ್ರ ಕೈಕೊಟ್ಟಿತು. ಅಷ್ಟರಲ್ಲಿ ಬೇರೊಂದು ಪ್ರವಾಸದ ತಂಡ ಮೇಲೆ ಬಂತು, ಶಿಳ್ಳೆಗಳು ಶುರುವಾದವು. ತಡೆಯಿತು ಎಂದವರು ಅರ್ಧ, ತಡೆಯಲಿಲ್ಲ ಎಂದವರು ಅರ್ಧ. ಹಾಗೆಯೇ ಬರೆಸಿದೆ.

ಜನವರಿ 13

ಕಂಪ್ಯೂಟರ್ ಕೋಣೆಯಲ್ಲಿ ಎರಡು ಅವಧಿ. ಪೆಟ್ಟಿನಿಂದ ಮೊದಲ ಗುಡ್ಡದವರೆಗಿನ ಸಮಯ ಮೂರು ಗುಂಪುಗಳಿಗೆ 0.219, 0.221, 0.223 ಸೆಕೆಂಡ್. ನಾಲ್ಕನೆಯವರಿಗೆ 0.243; ಅವರ ದಾಖಲೆಯಲ್ಲಿ ಯಾರದೋ ಕೆಮ್ಮು ಸೇರಿತ್ತು, ತಪ್ಪು ಗುಡ್ಡ ಹಿಡಿದಿದ್ದರು. ಸದ್ದು ಎದುರು ಗೋಡೆಗೆ ಹೋಗಿ ಮರಳಿದೆ ಎಂದಾದರೆ ವ್ಯಾಸ 37.3ರಿಂದ 38 ಮೀಟರ್.

'ತಪ್ಪು ಸರ್, ಗುಮ್ಮಟದ ವ್ಯಾಸ 44 ಮೀಟರ್' ಎಂದು ಸಾಮಾನ್ಯ ಜ್ಞಾನದ ಪುಸ್ತಕ ಬಾಯಿಪಾಠ ಮಾಡಿರುವ ಹುಡುಗ ಎದ್ದು ನಿಂತ. ತರಗತಿ ತಣ್ಣಗಾಯಿತು. ಆರು ಮೀಟರ್ ಎಲ್ಲಿ ಹೋಯಿತು? ಕೆಮ್ಮಿನ ಗುಂಪಿನವರಿಗೆ ಇದ್ದಕ್ಕಿದ್ದಂತೆ ತಮ್ಮ 0.243ರ ಮೇಲೆ ಪ್ರೀತಿ ಬಂತು, ಅದರ ಲೆಕ್ಕ 41 ದಾಟುತ್ತದಲ್ಲ. ಐದು ನಿಮಿಷದ ಗದ್ದಲದ ನಂತರ ಕಿಟಕಿಯ ಬಳಿ ಕುಳಿತಿದ್ದವನೊಬ್ಬ ಮೆಲ್ಲಗೆ, 'ನಾವು ಒಳಗೆ ನಿಂತಿದ್ದೆವು' ಎಂದ. 44 ಹೊರಗಿನ ಅಳತೆ. ಗೋಡೆಯ ದಪ್ಪ ಸುಮಾರು ಮೂರು ಮೀಟರ್, ಎರಡೂ ಕಡೆ ಸೇರಿ ಆರು. ಒಳವ್ಯಾಸ 37.9 ಮೀಟರ್ ಎಂಬ ದಾಖಲೆಯ ಸಂಖ್ಯೆಯನ್ನು ನಾನು ಆಗಷ್ಟೇ ಹಲಗೆಯ ಮೇಲೆ ಬರೆದೆ. ಗೋಡೆ ಎಷ್ಟು ದಪ್ಪ ಎಂಬುದನ್ನು ಚಪ್ಪಾಳೆ ಹಲಗೆ ಬಡಿದು ಕಂಡುಕೊಂಡ ಹಾಗಾಯಿತು. ಅದು ನನ್ನ ಯೋಜನೆಯಲ್ಲಿ ಇರಲೇ ಇಲ್ಲ.

ಇನ್ನು ಅಂಗೈಯ ಲೆಕ್ಕ. ಐದು ಎಂದವರಿದ್ದಾರೆ, ಹತ್ತು ಎಂದವರಿದ್ದಾರೆ. ಏಳು ಎಂದವರು ಒಂಬತ್ತು ಮಂದಿ. ಅವರಲ್ಲಿ ಮೂವರು ಎಣಿಸದೇ ಬರೆದೆವೆಂದು ಒಪ್ಪಿಕೊಂಡರು.

ಜನವರಿ 17

ಕಳೆದ ವರ್ಷದ ಆ ಹುಡುಗಿ ಈಗ ಹತ್ತನೇ ತರಗತಿ. ವಿಶೇಷ ತರಗತಿಗಳ ನಡುವೆ ಅವಳನ್ನು ಕರೆದು ಪರದೆ ತೋರಿಸಿದೆ. ಮೊದಲ ಕೆಲವು ಗುಡ್ಡಗಳು ಬಿಡಿಬಿಡಿಯಾಗಿವೆ. ಮುಂದೆ ಹೋದಂತೆ ಬುಡಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಏಕೆಂದರೆ ಬೇರೆ ಬೇರೆ ದಾರಿ ಸುತ್ತಿ ಬಂದ ಸದ್ದುಗಳು ನಡುವಿನ ಬಿಡುವನ್ನು ತುಂಬುತ್ತವೆ. ಕೊನೆಗೆ ಉಳಿಯುವುದು ಗುಂಯ್ ಎಂಬ ಒಂದೇ ಎಳೆ. ಎಣಿಕೆ ಎಲ್ಲಿ ನಿಲ್ಲುತ್ತದೆ ಎಂಬುದು ಪೆಟ್ಟಿನ ಜೋರು, ಸುತ್ತಲಿನ ಗದ್ದಲ, ಕೇಳುವ ಕಿವಿ ಇವುಗಳನ್ನು ಅವಲಂಬಿಸಿದೆ. ಕಟ್ಟಡದಲ್ಲಿ ಏಳು ಎಂಬುದು ಎಲ್ಲೂ ಇಲ್ಲ. ಅವಳು ಪರದೆಗೆ ಬೆರಳಿಟ್ಟು ಎಣಿಸುತ್ತಾ ಹೋಗಿ ಒಂಬತ್ತನೆಯದರ ಬಳಿ ತಡೆದಳು. 'ಇದು ಒಂದೋ ಎರಡೋ?' ನನಗೂ ಗೊತ್ತಾಗಲಿಲ್ಲ.

ಜನವರಿ 20

ಬಾಕಿ ಕೆಲಸ: ತಬಲಾ ಹಿಂದಿರುಗಿಸಿ ಆಗಿದೆ. ಚಪ್ಪಾಳೆ ಹಲಗೆಯ ಕೀಲು ಸಡಿಲವಾಗಿದೆ. ಮುಂದಿನ ವರ್ಷ ರಟ್ಟಿನ ಪ್ರಯೋಗವನ್ನೇ ಮೊದಲು ಮಾಡಬೇಕು, ಜನ ಬರುವ ಮುಂಚೆ. ಶ್ರವಣಾತೀತ ಶಬ್ದದ ಭಾಗವನ್ನು ಒಂದೇ ಅವಧಿಯಲ್ಲಿ ಓಡಿಸಿಬಿಟ್ಟೆ, ಅದಕ್ಕೊಂದು ದಾರಿ ಹುಡುಕಬೇಕು.

ಸಂಜೆ ಗೋದಾಮಿನ ಅಜ್ಜ ಶಾಲೆಯ ಗೇಟಿನ ಬಳಿ ಸಿಕ್ಕರು. ನಮ್ಮ ಹುಡುಗರು ದಿನವೂ ಸಂಜೆ ಬಂದು ಹಿಂಗೋಡೆಗೆ ಚಪ್ಪಾಳೆ ತಟ್ಟುತ್ತಾರಂತೆ, ಚಿಕ್ಕ ತರಗತಿಯವರೂ ಸೇರಿಕೊಂಡಿದ್ದಾರಂತೆ. ನಾನು ಕ್ಷಮೆ ಕೇಳಲು ಹೊರಟೆ. ಅವರು ಕೈಯಾಡಿಸಿ, 'ಅದಿರಲಿ ಸರ್, ತಟ್ಟಿಕೊಳ್ಳಲಿ. ಆದರೆ ಎಲ್ಲರೂ ಸೊನ್ನೆಯಿಂದ ಏಕೆ ಎಣಿಸುತ್ತಾರೆ?' ಎಂದರು.