ಎಲ್ಲ ಮುಗಿದುಹೋಗಿವೆ

“ಹೌದಪ್ಪಾ, ಎಲ್ಲ ಮುಗಿದುಹೋಗಿವೆ.”

ಇಷ್ಟೇ ಮಾತು. ಹೇಳಿದವನಿಗೆ ಹನ್ನೆರಡೋ ಹದಿಮೂರೋ ವಯಸ್ಸು. ಅವನ ಮುಂದಿನ ಕಂಪ್ಯೂಟರ್ ಪರದೆಯ ಮೇಲೆ ಅರ್ಧ ಕ್ರೀಡಾಂಗಣ ಹಸಿರಾಗಿತ್ತು. ಹಸಿರು ಎಂದರೆ ಕುರ್ಚಿ ಖಾಲಿ ಇದೆ, ದುಡ್ಡು ಕಟ್ಟಿದರೆ ಟಿಕೆಟ್ ಸಿಗುತ್ತದೆ ಎಂದರ್ಥ. ಇದು ನನಗೇ ತಿಳಿದಿತ್ತು ಎಂದಮೇಲೆ ಆ ಹುಡುಗನಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ.

ಸೋಮವಾರ ಪಹಣಿ ತೆಗೆಸಲು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಆನ್‌ಲೈನ್ ಸೆಂಟರಿಗೆ ಹೋಗಿದ್ದೆ. ಸರ್ವರ್ ಇಲ್ಲ, ಕುಳಿತಿರಿ ಅಕ್ಕೋರೇ ಎಂದು ಅಂಗಡಿಯ ಹುಡುಗ ಸ್ಟೂಲು ತೋರಿಸಿದ. ಫ್ಯಾನ್ ಸುತ್ತುವುದೋ ಬೇಡವೋ ಎಂದು ಸುತ್ತುತ್ತಿತ್ತು. ಆಗ ಒಳಗೆ ಬಂದವರು ಈ ಅಪ್ಪ, ಮಗ. ಅಪ್ಪನ ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ದಲಾಲಿ ಅಂಗಡಿಯ ಹೆಸರು ಅಚ್ಚು ಹಾಕಿದ ಚೀಲ. ಮಾತಿನ ಧಾಟಿ ಅಫಜಲಪುರದ ಕಡೆಯದು. ಹೈದರಾಬಾದಿನಲ್ಲಿ ನಡೆಯುವ ಐಪಿಎಲ್ ಪಂದ್ಯಕ್ಕೆ ಎರಡು ಟಿಕೆಟ್ ತೆಗೆಯಬೇಕಿತ್ತು. ಪರೀಕ್ಷೆ ಮುಗಿದ ಮೇಲೆ ಕರೆದುಕೊಂಡು ಹೋಗುತ್ತೇನೆಂದು ಮಗನಿಗೆ ಮಾತು ಕೊಟ್ಟಿದ್ದನಂತೆ. ಇಂಥ ಮಾತು ಕೊಡುವಾಗ ಯಾವ ಅಪ್ಪನೂ ದರ ವಿಚಾರಿಸಿರುವುದಿಲ್ಲ.

ಅಂಗಡಿಯ ಹುಡುಗ ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ ಕ್ರೀಡಾಂಗಣದ ನಕ್ಷೆ ತೆರೆದ. ಈ ಹುಡುಗನನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಗಿರಾಕಿಯ ಮುಖ ನೋಡದೆ ಮಾತನಾಡುತ್ತಾನೆ. ಕಡಿಮೆ ದರದ ಸಾಲುಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದ್ದವು. ಉಳಿದವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ತೆರಿಗೆ ಸೇರಿ 4,500 ರೂಪಾಯಿ. “ಒಬ್ಬರಿಗೆ, ಕಾಕಾ” ಎಂದ. ಅಪ್ಪ ಒಂದು ಕ್ಷಣ ಪರದೆಯನ್ನೇ ನೋಡಿದ. ಆಮೇಲೆ ಮಗನ ಕಡೆ ತಿರುಗಿ, “ಟಿಕೆಟ್ ಮುಗಿದಿವೆಯಂತೆ” ಎಂದ. ಅದಕ್ಕೆ ಮಗ ಕೊಟ್ಟ ಉತ್ತರವೇ ಮೇಲಿನದು.

ಅಂಗಡಿಯ ಹುಡುಗ ಏನೂ ಹೇಳಲಿಲ್ಲ. ನಕ್ಷೆ ಮುಚ್ಚಿ, “ಇಪ್ಪತ್ತು ರೂಪಾಯಿ ಕೊಡಿ” ಎಂದ. ನೋಡಿದ್ದಕ್ಕೂ ದುಡ್ಡೇ ಎಂದು ನನಗೆ ರೇಗಿತು. ಆದರೆ ಅಪ್ಪ ಚಕಾರ ಎತ್ತದೆ ಕೊಟ್ಟ. ಈಗ ಅನಿಸುತ್ತದೆ, ಬೇಡ ಎಂದಿದ್ದರೆ ಅವನಿಗೆ ಇನ್ನೂ ನೋವಾಗುತ್ತಿತ್ತು. ಇಪ್ಪತ್ತು ರೂಪಾಯಿ ತೆಗೆದುಕೊಂಡದ್ದರಿಂದ ಅದೊಂದು ಸಾಮಾನ್ಯ ವ್ಯವಹಾರವಾಗಿಯೇ ಉಳಿಯಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಎರಡು ಟಿಕೆಟ್ಟಿಗೆ 9,000. ಅದರ ಮೇಲೆ ಬುಕಿಂಗ್ ಶುಲ್ಕ ಬೇರೆ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ತೊಗರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಅಂದರೆ ಒಂದು ಕ್ವಿಂಟಲ್ ತೊಗರಿ ತೂಗಿಕೊಟ್ಟರೂ ಇಬ್ಬರು ಒಳಗೆ ಹೋಗಲಾರರು. ಅದೂ ಬೆಂಬಲ ಬೆಲೆಯೇ ಸಿಕ್ಕಿತು ಎಂದುಕೊಂಡರೆ. 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿ ಹರಿದು, ಮಳೆ ನಿಲ್ಲದೆ ಹೊಲಗಳಲ್ಲಿ ನೀರು ನಿಂತು ನಮ್ಮ ಜಿಲ್ಲೆಯ ತೊಗರಿಗೆ ಏನಾಯಿತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ಚೀಲದಲ್ಲಿದ್ದ ದಲಾಲಿಯ ಪಟ್ಟಿಯಲ್ಲಿ ಎಷ್ಟು ಬರೆದಿತ್ತೋ ಅವನಿಗೇ ಗೊತ್ತು. ಹೈದರಾಬಾದ್ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಮೇಲೆ. ಪಂದ್ಯ ಶುರುವಾಗುವುದೇ ರಾತ್ರಿ ಏಳೂವರೆಗೆ. ಮುಗಿದ ಮೇಲೆ ಕ್ರೀಡಾಂಗಣವಿರುವ ಉಪ್ಪಲ್‌ನಿಂದ ಬಸ್ ನಿಲ್ದಾಣ, ಅಲ್ಲಿ ಬೆಳಗಿನ ತನಕ ಕಾಯುವುದು, ಎರಡು ಹೊತ್ತಿನ ಊಟ. ಆ ಲೆಕ್ಕ ಪೂರ್ತಿ ಮಾಡಲು ಮನಸ್ಸಾಗಲಿಲ್ಲ.

ತೆರಿಗೆಯ ಲೆಕ್ಕ ಮಾತ್ರ ಬಿಡಲಾಗಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ಟಿನ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 40ಕ್ಕೆ ಏರಿದೆ. ಮೊದಲು 1,280ಕ್ಕೆ ಸಿಗುತ್ತಿದ್ದ ಟಿಕೆಟ್ಟಿಗೆ ಈಗ 1,400. ಕ್ಯಾಸಿನೊ, ಕುದುರೆ ರೇಸುಗಳನ್ನು ಕೂರಿಸಿದ ಪಂಕ್ತಿಯಲ್ಲಿಯೇ ಇದನ್ನೂ ಕೂರಿಸಿದ್ದಾರೆ. ಮಾನ್ಯತೆ ಪಡೆದ ಬೇರೆ ಕ್ರೀಡಾಕೂಟಗಳಿಗೆ 500 ರೂಪಾಯಿಯವರೆಗಿನ ಟಿಕೆಟ್ಟಿಗೆ ತೆರಿಗೆಯೇ ಇಲ್ಲ, ಅದಕ್ಕೆ ಮೇಲ್ಪಟ್ಟರೆ ಶೇಕಡ 18. 4,500ರ ಟಿಕೆಟ್ಟಿನಲ್ಲಿ 1,285 ರೂಪಾಯಿಯಷ್ಟು ತೆರಿಗೆಯೇ. ಶ್ರೀಮಂತರ ಶೋಕಿಯ ಮೇಲೆ ತೆರಿಗೆ ಹಾಕುವುದಕ್ಕೆ ನನ್ನ ವಿರೋಧವಿಲ್ಲ, ಇನ್ನೂ ಹಾಕಲಿ. ಆದರೆ ಮೇಲಿನ ಹವಾನಿಯಂತ್ರಿತ ಬಾಕ್ಸಿನಲ್ಲಿ ಕುಳಿತವನಿಗೂ ಕೆಳಗೆ ಸಿಮೆಂಟಿನ ಮೆಟ್ಟಿಲಿನ ಹತ್ತಿರ ಕುಳಿತವನಿಗೂ ಒಂದೇ ದರದ ತೆರಿಗೆ ಎಂದರೆ, ಕ್ರಿಕೆಟ್ ನೋಡುವ ಆಸೆಯನ್ನೇ ಶೋಕಿ ಎಂದು ತೀರ್ಮಾನಿಸಿದಂತಾಯಿತು.

ಬೆಂಗಳೂರಿನಲ್ಲಿರುವ ನನ್ನ ಮೈದುನನಿಗೆ ಪ್ರತಿ ವರ್ಷ ಕಂಪನಿಯ ಪಾಸು ಬರುತ್ತದೆ. ಹೋದ ಸಲ ಕಳಿಸಿದ ಫೋಟೊಗಳಲ್ಲಿ ಬಿರಿಯಾನಿ ಇತ್ತು, ಸೋಫಾ ಇತ್ತು, ಅವನ ಬಾಸ್ ಇದ್ದರು. ಮೈದಾನ ಇರಲಿಲ್ಲ. ಯಾರು ಗೆದ್ದರು ಎಂದು ಕೇಳಿದರೆ ಕೊನೆಯ ಓವರುಗಳಿಗೆ ಮುಂಚೆಯೇ ಹೊರಟುಬಿಟ್ಟೆವು, ಟ್ರಾಫಿಕ್ ಆಗುತ್ತದೆ ಎಂದ. ಒಳ್ಳೆಯ ಹುಡುಗನೇ, ಕಷ್ಟಕಾಲಕ್ಕೆ ಆಗುವವನು. ಆದರೂ ಈ ವಾರ ಅವನ ಮೇಲೆ ನನಗೆ ಸಿಟ್ಟು ಬಂದಿದೆ. ಅವನಿಗೆ ಏಕೆಂದು ಗೊತ್ತಿಲ್ಲ.

ಹೊರದೇಶಗಳಲ್ಲಿ ಜನ ಸುಮ್ಮನಿರುವುದಿಲ್ಲ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬು ಹೊಸ ಸ್ಟ್ಯಾಂಡಿನ ಕೆಲವು ಕುರ್ಚಿಗಳಿಗೆ 77 ಪೌಂಡ್ ದರ ಇಡಲು ಹೊರಟಾಗ, ಸಂಡರ್‌ಲೆಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಮಂದಿ ಎದ್ದು ಹೊರನಡೆದರು. ಆಗ ತಮ್ಮ ತಂಡ ಎರಡು ಗೋಲು ಮುಂದಿತ್ತು. ಅವರು ಹೊರಟ ಮೇಲೆ ಎದುರಾಳಿ ಎರಡು ಗೋಲು ಹೊಡೆದು ಪಂದ್ಯ ಸಮನಾಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಹಿಂತೆಗೆದುಕೊಂಡರು. ಅದೇ ತಿಂಗಳು ಜರ್ಮನಿಯಲ್ಲಿ ಡಾರ್ಟ್‌ಮುಂಡ್ ಅಭಿಮಾನಿಗಳು ಟಿಕೆಟ್ ದರ ವಿರೋಧಿಸಿ ಮೈದಾನದೊಳಗೆ ಟೆನಿಸ್ ಚೆಂಡುಗಳನ್ನು ಎಸೆದರು. 2026ರ ಫುಟ್‌ಬಾಲ್ ವಿಶ್ವಕಪ್ಪಿಗೆ ಅಭಿಮಾನಿ ಸಂಘಗಳ ಪಾಲಿನ ಟಿಕೆಟ್ ದರ 2025ರ ಡಿಸೆಂಬರಿನಲ್ಲಿ ಹೊರಬಿದ್ದಾಗ ಅಂತಿಮ ಪಂದ್ಯದ ಅತಿ ಅಗ್ಗದ ಟಿಕೆಟ್ಟೇ ನಾಲ್ಕು ಸಾವಿರ ಡಾಲರಿಗೂ ಮೇಲಿತ್ತು. ಯುರೋಪಿನ ಅಭಿಮಾನಿ ಸಂಘಟನೆಗಳು ಗದ್ದಲ ಎಬ್ಬಿಸಿದ ಮೇಲೆ ಫಿಫಾ ಪ್ರತಿ ಪಂದ್ಯಕ್ಕೂ 60 ಡಾಲರಿನ ಒಂದಿಷ್ಟು ಟಿಕೆಟ್ ಎಂದು ಘೋಷಿಸಿತು. ಎಲ್ಲರಿಗೂ ಸಾಲುವಷ್ಟಲ್ಲ, ಬಾಯಿ ಮುಚ್ಚಿಸುವಷ್ಟು.

ಇದನ್ನೆಲ್ಲ ಓದುವಾಗ ಹುರುಪು ಬರುತ್ತದೆ. ಆದರೆ ಎದ್ದು ಹೋಗಿ ಪ್ರತಿಭಟಿಸಬೇಕಾದರೆ ಮೊದಲು ಒಳಗೆ ಕುಳಿತಿರಬೇಕಲ್ಲ? ಆ ಅಪ್ಪ ಮಗ ಎಲ್ಲಿಂದ ಎದ್ದು ಹೋಗಬೇಕು? ಸ್ಟೂಲಿನಿಂದ ಎದ್ದರು, ಇಪ್ಪತ್ತು ರೂಪಾಯಿ ಕೊಟ್ಟರು, ಹೋದರು. ಅವರ ಸಿಟ್ಟು ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಅವರು ಬಿಟ್ಟ ಕುರ್ಚಿಯಲ್ಲಿ ಇನ್ನೊಬ್ಬ ಕುಳಿತಿರುತ್ತಾನೆ, ಟೀವಿಯಲ್ಲಿ ಕ್ರೀಡಾಂಗಣ ಕಿಕ್ಕಿರಿದಿರುತ್ತದೆ, ವೀಕ್ಷಕ ವಿವರಣೆಗಾರ ಜನಸಾಗರ ಎನ್ನುತ್ತಾನೆ.

ದುಡ್ಡು ಕೊಟ್ಟವರ ಪಾಡೂ ಅಷ್ಟಕ್ಕಷ್ಟೇ. 2025ರ ಡಿಸೆಂಬರ್ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಮೆಸ್ಸಿ ಬಂದಾಗ ಸಾವಿರಾರು ರೂಪಾಯಿ ತೆತ್ತವರಿಗೆ ಕಂಡದ್ದು ಅವನನ್ನು ಮುತ್ತಿಕೊಂಡ ಗಣ್ಯರ ಬೆನ್ನುಗಳು. ಅವನು ಬೇಗನೆ ಹೊರಟುಹೋದ, ಕುರ್ಚಿಗಳು ಹಾರಿದವು. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಜಿಮ್ಖಾನಾ ಮೈದಾನದಲ್ಲಿ ಭಾರತ–ಆಸ್ಟ್ರೇಲಿಯಾ ಪಂದ್ಯದ ಟಿಕೆಟ್ಟಿಗಾಗಿಯೇ ನೂಕುನುಗ್ಗಲಾಗಿ ಜನ ಗಾಯಗೊಂಡರು. ಬೆಂಗಳೂರಿನ 2025ರ ಜೂನ್ 4ರ ಬಗ್ಗೆ ಬರೆಯಲು ಕೈ ಬರುವುದಿಲ್ಲ. ಗೆದ್ದ ತಂಡವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಹೋದ ಹನ್ನೊಂದು ಮಂದಿ ಮನೆಗೆ ಬರಲಿಲ್ಲ. ಕಣ್ಣಾರೆ ನೋಡಬೇಕು ಎನ್ನುವ ಆಸೆಯನ್ನು ವರ್ಷವಿಡೀ ಜಾಹೀರಾತು ಹಾಕಿ ಬೆಳೆಸುತ್ತಾರೆ. ಆಮೇಲೆ ಬಾಗಿಲಲ್ಲಿ ನಿಲ್ಲಿಸುತ್ತಾರೆ.

ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಈ ಸಂಗತಿ ಹೇಳಿದೆ. ನಮ್ಮ ಪಿಟಿ ಮಾಸ್ತರರು ಬೇಡಿಕೆ, ಪೂರೈಕೆ ಎಂದು ಶುರುಮಾಡಿದರು. ಅವರು ಅರ್ಥಶಾಸ್ತ್ರ ಮಾತನಾಡುವುದು ಪರರ ದುಡ್ಡಿನ ವಿಷಯ ಬಂದಾಗ ಮಾತ್ರ, ಸ್ವಂತ ತುಟ್ಟಿಭತ್ಯೆಯ ವಿಷಯಕ್ಕೆ ಬಂದರೆ ಅಪ್ಪಟ ಸಮಾಜವಾದಿ. “ಕೊಳ್ಳುವವರಿದ್ದಾರೆ, ಮಾರುತ್ತಾರೆ. ತಪ್ಪೇನು ಅಕ್ಕೋರೇ?” ಎಂದರು. ಚಿನ್ನಸ್ವಾಮಿ ಕ್ರೀಡಾಂಗಣ ಯಾರ ಜಮೀನಿನಲ್ಲಿ ನಿಂತಿದೆ, ಸರ್ಕಾರದಿಂದ ಗುತ್ತಿಗೆಗೆ ಪಡೆದದ್ದಲ್ಲವೇ ಎಂದೆ. ಪಂದ್ಯದ ದಿನ ರಸ್ತೆ ಯಾರದು, ಪೊಲೀಸರು ಯಾರವರು? ಜಮೀನು ಬೇಕಾದಾಗ ಕ್ರೀಡೆ, ದರ ಇಡುವಾಗ ವ್ಯಾಪಾರ. ಮಾಸ್ತರರು ಕೆಂಪು ಪೆನ್ನು ತಿರುವುತ್ತ ಕುಳಿತರು. ಕಡಿಮೆ ದರ ಇಟ್ಟರೆ ಕಾಳಸಂತೆಯವರು ಬಾಚಿಕೊಳ್ಳುತ್ತಾರೆ ಎಂದು ಆಮೇಲೆ ಹೇಳಿದರು. ಅದರಲ್ಲಿ ಸುಳ್ಳಿಲ್ಲ.

ಆದರೆ ಅಗ್ಗದ ದರ ಎಂಬುದು ಆಗದ ಮಾತಲ್ಲ. 2025ರ ಮಹಿಳಾ ವಿಶ್ವಕಪ್ಪಿಗೆ ಭಾರತದಲ್ಲಿ ಲೀಗ್ ಪಂದ್ಯಗಳ ಟಿಕೆಟ್ 100 ರೂಪಾಯಿಯಿಂದ ಆರಂಭವಾಗಿತ್ತು. ನವೆಂಬರ್ 2ರ ರಾತ್ರಿ ನವಿ ಮುಂಬೈಯಲ್ಲಿ ನಮ್ಮ ಹುಡುಗಿಯರು ಕಪ್ ಎತ್ತಿದಾಗ ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಕಪ್ ಗೆದ್ದ ಮೇಲೆ ಅವರ ಪಂದ್ಯದ ದರವೂ ಏರುತ್ತದೆ ಎಂಬುದು ಬೇರೆ ಮಾತು. ಹೆಂಗಸರ ಆಟ ಅಗ್ಗವಾಗಿದ್ದದ್ದು ಪ್ರೀತಿಯಿಂದಲ್ಲ, ಕೊಳ್ಳುವವರಿಲ್ಲ ಎಂಬ ಅನುಮಾನದಿಂದ ಎಂದು ನನಗೂ ಗೊತ್ತಿದೆ.

ಮತ್ತೆ ಆ ಹುಡುಗನ ಮಾತಿಗೇ ಬರುತ್ತೇನೆ. ಮೊದಮೊದಲು ಅವನು ಅಪ್ಪನ ಮಾನ ಉಳಿಸಲು ಸುಳ್ಳು ಹೇಳಿದ, ಅಪ್ಪನಿಗೆ ಅದು ತಿಳಿಯಲಿಲ್ಲ ಎಂದುಕೊಂಡಿದ್ದೆ. ನಿನ್ನೆ ರಾತ್ರಿ ರೊಟ್ಟಿ ಬಡಿಯುತ್ತಿದ್ದಾಗ ನೆನಪಾಯಿತು: ಒಳಗೆ ಬಂದ ಕೂಡಲೇ ಅಪ್ಪ ಹೇಳಿದ್ದ, “ಇವನು ಇಂಗ್ಲಿಷ್ ಶಾಲೆಯ ಹುಡುಗ, ಎಲ್ಲ ಓದಿ ಹೇಳುತ್ತಾನೆ.” ಹೆಮ್ಮೆಯಿಂದಲೇ ಹೇಳಿದ್ದ. ಅಂದರೆ ಮಗನಿಗೆ ಪರದೆ ಓದಲು ಬರುತ್ತದೆಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮುಗಿದಿವೆ ಎಂದ. ಗೊತ್ತಿದ್ದೂ ಇವನು ಹೌದು ಎಂದ. ಅಂಗಡಿಯವನು ನಕ್ಷೆ ಮುಚ್ಚಿದ, ನಾನು ಮೊಬೈಲು ನೋಡಿದೆ. ಅಲ್ಲಿದ್ದ ನಾಲ್ವರೂ ಒಪ್ಪಿಕೊಂಡು ಮಾಡಿದ ಸುಳ್ಳು ಅದು. ನನ್ನ ಯಜಮಾನರು ಒಳ್ಳೆಯ ಅಪ್ಪ, ಒಳ್ಳೆಯ ಮಗ ಎಂದರು. ನನಗೆ ಅಷ್ಟು ಸುಲಭವಾಗಿ ಕಣ್ಣು ತುಂಬುವುದಿಲ್ಲ. ತುಟ್ಟಿಯಾಯಿತು, ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ಹಕ್ಕಾದರೂ ಬೇಡವೇ ಆ ಮನುಷ್ಯನಿಗೆ? ಬೆಲೆ ಇಟ್ಟವರಿಗೆ ಇಲ್ಲದ ನಾಚಿಕೆ ಇವನಿಗೇಕೆ?

ನಮ್ಮೂರಿನ ಹೆಸರಿನ ತಂಡವೂ ಒಂದಿದೆ, ಗುಲ್ಬರ್ಗಾ ಮಿಸ್ಟಿಕ್ಸ್. 2022ರಲ್ಲಿ ಮನೀಶ್ ಪಾಂಡೆ ನಾಯಕತ್ವದಲ್ಲಿ ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿ ಗೆದ್ದಿತು. ಮೈಸೂರಿನಲ್ಲಿ ಆಡಿತು, ಬೆಂಗಳೂರಿನಲ್ಲಿ ಗೆದ್ದಿತು. ಊರಿನ ಹೆಸರು ಮಾತ್ರ ಅಂಗಿಯ ಮೇಲೆ. ಒಂದು ಪಂದ್ಯವನ್ನಾದರೂ ಇಲ್ಲಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಆಡಿಸಬಾರದೇ ಎಂದು ಇವತ್ತು ಮಾಸ್ತರರನ್ನು ಕೇಳಿದೆ.

“ಇಲ್ಲಿ ಯಾರು ಬರುತ್ತಾರೆ?”

ಜಾತ್ರೆಯ ಕುಸ್ತಿಗೆ ಯಾರು ಬರುತ್ತಾರೆ ಎಂದೆ. ತೆಂಗಿನಕಾಯಿ ಬಹುಮಾನದ ಕುಸ್ತಿಯಿಂದ ಬೆಳ್ಳಿಯ ಕಡಗದ ಕುಸ್ತಿಯವರೆಗೆ ಜನ ಮರದ ಮೇಲೆ, ಟ್ರ್ಯಾಕ್ಟರಿನ ಮೇಲೆ ನಿಂತು ನೋಡುವುದಿಲ್ಲವೇ?

“ಅದು ಪುಕ್ಕಟೆ, ಅಕ್ಕೋರೇ.”

“ಹಾಗಾದರೆ ಐವತ್ತು ರೂಪಾಯಿ ಇಡಿ.”

ಮಾಸ್ತರರು ಒಂದು ಹಾಳೆ ಎಳೆದುಕೊಂಡರು. ನಮ್ಮಿಬ್ಬರ ಕೈಯಲ್ಲಿ ಕ್ರೀಡಾಂಗಣವೂ ಇಲ್ಲ, ತಂಡವೂ ಇಲ್ಲ. ಆದರೂ ಮಧ್ಯಾಹ್ನದ ಬಿಡುವೆಲ್ಲ ದರ ನಿಗದಿ ಮಾಡುವುದರಲ್ಲೇ ಕಳೆಯಿತು. ಶಾಮಿಯಾನದ ಕೆಳಗಿನ ಕುರ್ಚಿಗೆ ಐನೂರು ಎಂದರು. ಸಾವಿರ ಇಡಿ, ಐದು ಸಾವಿರ ಇಡಿ, ನನ್ನ ತಕರಾರಿಲ್ಲ, ಬಿಸಿಲಿನ ಕಡೆಯದು ಮಾತ್ರ ಐವತ್ತು ದಾಟಬಾರದು, ಶಾಲೆಯ ಮಕ್ಕಳಿಗೆ ಇಪ್ಪತ್ತು ಎಂದೆ.

“ಕಲಬುರಗಿಯಲ್ಲಿ ಬಿಸಿಲಿಲ್ಲದ ಕಡೆ ಯಾವುದಿದೆ?” ಎಂದು ಕೇಳಿದರು ಮಾಸ್ತರರು.

ಹಾಗಾದರೆ ಎಲ್ಲವೂ ಐವತ್ತೇ ಎಂದು ಬರೆದುಕೊಳ್ಳಿ ಎಂದೆ.