ಒಂದು ಕೋಟೆಗೆ ಒಂದು ಗಿರಣಿ: ಮೇಜುಮಗ್ಗದ ದಿನಚರಿ, ಭಾಗ 6

ಹಿಂದಿನ ಭಾಗದಲ್ಲಿ ಕಂದು-ಹಸಿರು ಶಾಲಿನ ಗೋಳು ಹೇಳಿಕೊಂಡಿದ್ದೆ. 60 ಸೆಂಟಿಮೀಟರ್ ಅಗಲದ ನನ್ನ ಮೇಜುಮಗ್ಗದಲ್ಲಿ ಮುಕ್ಕಾಲು ಮೀಟರ್ ನೇಯ್ದು ಕೈಬಿಟ್ಟ ಶಾಲು ಅದು. ಟ್ವೀಡ್‌ನಂತೆ (ಹಲವು ಬಣ್ಣ ಬೆರೆತ ಒರಟು ಉಣ್ಣೆಬಟ್ಟೆ) ಕಾಣಲಿ ಎಂದು ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಐದು ಬಣ್ಣದ ನೂಲನ್ನು ಸರದಿಯಲ್ಲಿ ಹಾಕಿದ್ದೆ. ಕಂಡದ್ದು ಮಾತ್ರ ಹಳೆಯ ಬಸ್ಸಿನ ಸೀಟಿನ ಬಟ್ಟೆಯ ಹಾಗೆ. ಮುಟ್ಟಿದರೆ ಗೋಣಿ.

ಅದನ್ನು ಹಾಗೆಯೇ ಮುಚ್ಚಿಟ್ಟು ಲೀಡ್ಸ್‌ನಿಂದ ಹತ್ತು ದಿನ ಸ್ಕಾಟ್ಲೆಂಡಿಗೆ ಕಾರಿನಲ್ಲಿ ಹೋಗಿಬಂದೆವು. ಇವರಿಗೆ ಬೇಕಾದದ್ದು ಕೋಟೆ ಮತ್ತು ಯುದ್ಧಭೂಮಿ, ನನಗೆ ಬೇಕಾದದ್ದು ಗಿರಣಿ. ಹೊರಡುವ ಮೊದಲೇ ಒಪ್ಪಂದವಾಯಿತು: ಒಂದು ಕೋಟೆಗೆ ಒಂದು ಗಿರಣಿ. ಮಠ, ಬೆಟ್ಟ, ಜಲಪಾತಗಳು ಕೋಟೆಯ ಲೆಕ್ಕಕ್ಕೆ. ನೂಲಿನ ಅಂಗಡಿ ಗಿರಣಿಯ ಲೆಕ್ಕಕ್ಕೆ. ಈ ಕೊನೆಯ ಷರತ್ತನ್ನು ಇವರು ಸರಿಯಾಗಿ ಓದಿಕೊಳ್ಳಲಿಲ್ಲ.

ದಿನ 1–2. ಜೆಡ್‌ಬರ್ಗ್, ಸೆಲ್ಕರ್ಕ್

ಗಡಿ ದಾಟಿದ ಕೂಡಲೇ ಜೆಡ್‌ಬರ್ಗ್‌ನ ಮಠ ಸಿಗುತ್ತದೆ. 12ನೇ ಶತಮಾನದ್ದು. ಸೂರಿಲ್ಲದಿದ್ದರೂ ಕಮಾನುಗಳು ಇನ್ನೂ ನೆಟ್ಟಗೆ ನಿಂತಿವೆ. ಇವರಿಗೆ ಒಂದು ಅಂಕ.

ಸೆಲ್ಕರ್ಕ್‌ನ ಗಿರಣಿಯಲ್ಲಿ ಟಾರ್ಟನ್ ನೇಯುವುದನ್ನು ನೋಡಿದೆ. ದೂರದಿಂದ ನೋಡಿದರೆ ಚೌಕಳಿ ಬಟ್ಟೆ, ಅಷ್ಟೇ. ಹತ್ತಿರ ಹೋದಾಗ ಅದರ ಲೆಕ್ಕಾಚಾರ ಗೊತ್ತಾಯಿತು. ಹಾಸಿನಲ್ಲಿರುವ (ಉದ್ದ ಎಳೆಗಳ) ಬಣ್ಣಗಳ ಸಾಲೇ ಅದೇ ಎಣಿಕೆಯಲ್ಲಿ ಹೊಕ್ಕಿನಲ್ಲೂ ಬರುತ್ತದೆ. ಒಂದು ಎಳೆಯ ಬಳಿ ಸಾಲು ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತದೆ. ಆರು ಬಣ್ಣ ಹಾಕಿದರೆ ಆರು ಶುದ್ಧ ಚೌಕಗಳ ಜೊತೆಗೆ ಹದಿನೈದು ಮಿಶ್ರ ಛಾಯೆಗಳು ಸಿಗುತ್ತವೆ. ಆದರೆ ಆ ಮಿಶ್ರಣ ನಡೆಯುವುದು ನಮ್ಮ ಕಣ್ಣಿನಲ್ಲಿ. ಬಟ್ಟೆಗೆ ಮೂಗು ತಾಗಿಸಿ ನೋಡಿದರೆ ಕೆಂಪು ಕೆಂಪಾಗಿಯೇ, ನೀಲಿ ನೀಲಿಯಾಗಿಯೇ ಇರುತ್ತವೆ; ಜೀನ್ಸ್ ಬಟ್ಟೆಯಲ್ಲಿರುವಂತೆ ಓರೆಗೆರೆಗಳಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ, ಅಷ್ಟೇ. ಇಳಕಲ್‌ನಲ್ಲಿ ಹಾಸಿಗೊಂದು, ಹೊಕ್ಕಿಗೊಂದು ಬಣ್ಣ ಹಾಕಿ ಅಜ್ಜಿಯ ಮನೆಯವರು ನೇಯುತ್ತಿದ್ದ ಸೀರೆ ಬಿಸಿಲಿನಲ್ಲಿ ಬಣ್ಣ ಬದಲಿಸುತ್ತಿದ್ದದ್ದೂ ಇದೇ ಉಪಾಯದಿಂದ. ನನ್ನ ಶಾಲಿನಲ್ಲಿ ಮಾಡಲು ಹೋಗಿದ್ದೂ ಇದನ್ನೇ. ಹಾಗಾದರೆ ಕೆಟ್ಟದ್ದೆಲ್ಲಿ?

ಅಂಗಡಿಯಲ್ಲಿ ಇವರು, ಸ್ಕಾಟ್ಲೆಂಡಿನ ಮನೆತನಗಳಿಗೆ ತಮ್ಮದೇ ಟಾರ್ಟನ್ ಇರುವಂತೆ ನಮ್ಮ ಮನೆತನಕ್ಕೂ ಟಾರ್ಟನ್ ಇದೆಯೇ ಎಂದು ಕೇಳಿಬಿಟ್ಟರು. ನಾನು ನಾಚಿ ಪಕ್ಕಕ್ಕೆ ಸರಿದೆ. ಅಲ್ಲಿದ್ದವರು ನಗಲಿಲ್ಲ. ಟಾರ್ಟನ್‌ಗಳಿಗೆ ಸರ್ಕಾರಿ ದಾಖಲಾತಿ ಇದೆ, ಹೊಸ ವಿನ್ಯಾಸವಾದರೆ ಯಾರು ಬೇಕಾದರೂ ಅರ್ಜಿ ಹಾಕಬಹುದು ಎಂದರು. ಅಂದಿನಿಂದ ಕಾರಿನಲ್ಲಿ ಬಾಗಲಕೋಟೆ ಟಾರ್ಟನ್‌ನ ಬಣ್ಣಗಳ ಚರ್ಚೆ ನಡೆದೇ ಇದೆ.

ದಿನ 3. ನ್ಯೂ ಲಾನಾರ್ಕ್, ಪೇಸ್ಲಿ

ನ್ಯೂ ಲಾನಾರ್ಕ್ ಒಂದೇ ಜಾಗದಲ್ಲಿ ಇಬ್ಬರನ್ನೂ ತೃಪ್ತಿಪಡಿಸಿತು. ಕ್ಲೈಡ್ ನದಿಯ ಜಲಪಾತ ಅವರಿಗೆ, ಅದೇ ನೀರಿನ ಬಲದಲ್ಲಿ 1786ರಿಂದ ಹತ್ತಿ ನೂತ ಗಿರಣಿ ನನಗೆ. 1800ರಲ್ಲಿ ಆಡಳಿತ ವಹಿಸಿಕೊಂಡ ರಾಬರ್ಟ್ ಓವನ್ ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಗಿರಣಿಯಿಂದ ಬಿಡಿಸಿ, 1816ರಲ್ಲಿ ಅವರಿಗೊಂದು ಶಾಲೆ ತೆರೆದ. ಈಗ ಅಲ್ಲಿ ಹತ್ತಿಯಿಲ್ಲ, ಉಣ್ಣೆ ನೂಲುತ್ತಾರೆ. ಹಳೆಯ ಯಂತ್ರದ ಬಂಡಿ ಕದಿರುಗಳ ಇಡೀ ಸಾಲನ್ನು ಹೊತ್ತು ಹಿಂದೆ ಸರಿಯುತ್ತಾ ಎಳೆಯನ್ನು ಎಳೆದು ಹುರಿ ಮಾಡುತ್ತದೆ, ಮುಂದೆ ಬರುತ್ತಾ ಸುತ್ತಿಕೊಳ್ಳುತ್ತದೆ. ಎಷ್ಟೋ ಹೆಂಗಸರು ಒಟ್ಟಿಗೆ ಕೂತು ಒಂದೇ ತಾಳಕ್ಕೆ ನೂಲುತ್ತಿದ್ದಾರೆ ಅನಿಸಿತು.

ಪೇಸ್ಲಿಯಲ್ಲಿ ಹಳೆಯ ನೇಕಾರರ ಮನೆಗಳನ್ನು ನೋಡಿದೆವು. ಕಾಶ್ಮೀರದ ಶಾಲುಗಳನ್ನು ಅನುಕರಿಸಿ ನೇಯ್ದು ನೇಯ್ದು, ನಾವು ಮಾವಿನಕಾಯಿ ಎನ್ನುವ ಬುಟ್ಟಾಕ್ಕೆ ತನ್ನ ಹೆಸರನ್ನೇ ಅಂಟಿಸಿದ ಊರು ಇದು. ನನಗಿಂತ ಇವರಿಗೆ ಹಿಡಿಸಿದ್ದು ‘ಸ್ಮಾ ಶಾಟ್’ನ ಕತೆ. ಶಾಲಿನ ಬಣ್ಣದ ಹೊಕ್ಕುಗಳ ನಡುವೆ ಹಾದು ಅವನ್ನೆಲ್ಲ ಹಿಡಿದಿಡುವ, ಮೇಲೆ ಕಾಣದ ಸಣ್ಣ ಎಳೆಗೆ ಆ ಹೆಸರು. ಕಾಣದ ಎಳೆಗೆ ಕೂಲಿ ಏಕೆ ಎಂದು ವ್ಯಾಪಾರಿಗಳು ಕೊಡದೆ ಉಳಿದಿದ್ದರು. ನೇಕಾರರು ಹೋರಾಡಿ 1856ರಲ್ಲಿ ಗೆದ್ದರು. ಲೆಕ್ಕಪರಿಶೋಧಕರಾದ ಇವರು ಹೊರಗೆ ಬಂದ ಮೇಲೂ, “ನೋಡು, ಖರ್ಚಿನ ಒಂದು ಬಾಬ್ತನ್ನೇ ಮುಚ್ಚಿಟ್ಟಿದ್ದರು” ಎನ್ನುತ್ತಿದ್ದರು.

ದಿನ 4–5. ಗ್ಲೆನ್‌ಕೋ, ಸ್ಕೈ

ಮಳೆ. ಗ್ಲೆನ್‌ಕೋ ಕಣಿವೆಯಲ್ಲಿ ಮೋಡ ನೆಲಕ್ಕೇ ಇಳಿದಿತ್ತು. 1692ರಲ್ಲಿ, ಅತಿಥಿಗಳಾಗಿ ಉಂಡು ಮಲಗಿದ್ದ ಸೈನಿಕರೇ ಎದ್ದು ಮನೆಯವರನ್ನು ಕೊಂದ ಜಾಗ ಅದು. ಆ ಹವೆಯಲ್ಲಿ ಇಬ್ಬರಿಗೂ ಹೆಚ್ಚು ಮಾತು ಬರಲಿಲ್ಲ. ಮೂರು ಲಾಖ್‌ಗಳು (ಒಳನಾಡಿಗೆ ಚಾಚಿದ ಸಮುದ್ರದ ಕವಲುಗಳು) ಕೂಡುವಲ್ಲಿರುವ ಐಲೀನ್ ಡೊನಾನ್ ಕೋಟೆಯಂತೂ ಕ್ಯಾಲೆಂಡರಿನ ಚಿತ್ರವೇ ಸರಿ. ಆದರೆ ಹಳೆಯ ಕೋಟೆಯನ್ನು 1719ರಲ್ಲೇ ಸಿಡಿಸಿ ಕೆಡವಿದ್ದರು, ಈಗ ಕಾಣುವುದು 1932ರಲ್ಲಿ ಕಟ್ಟಿ ಮುಗಿಸಿದ್ದು ಎಂದು ಓದಿ ಇವರ ಮುಖ ಸಪ್ಪಗಾಯಿತು. “ನನ್ನ ಗಿರಣಿ ನಿಮ್ಮ ಕೋಟೆಗಿಂತ ಹಿರಿಯದು” ಎಂದೆ. ಉತ್ತರ ಬರಲಿಲ್ಲ.

ದಿನ 6–8. ಹ್ಯಾರಿಸ್ ಮತ್ತು ಲೂಯಿಸ್

ಸ್ಕೈ ದ್ವೀಪದ ಊಗ್‌ನಿಂದ ಟಾರ್ಬರ್ಟ್‌ಗೆ ಹಡಗಿನಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಈ ಪ್ರವಾಸ ಹಾಕಿಕೊಂಡದ್ದೇ ಇಲ್ಲಿಗಾಗಿ. ಹ್ಯಾರಿಸ್ ಟ್ವೀಡ್‌ಗೆ 1993ರಲ್ಲಿ ಬ್ರಿಟನ್ನಿನ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೇ ಮಾಡಿದೆ. ಉಣ್ಣೆಗೆ ಬಣ್ಣ ಹಾಕಿ ನೂಲುವುದು ಈ ದ್ವೀಪಗಳಲ್ಲೇ ಆಗಬೇಕು. ದ್ವೀಪದವರು ತಮ್ಮ ಮನೆಯಲ್ಲೇ ಕೈಯಾರೆ ನೇಯಬೇಕು. ನೇಯ್ದ ಮೇಲೆ ತೊಳೆದು ಹದ ಮಾಡುವುದೂ ಇಲ್ಲೇ ನಡೆಯಬೇಕು. ಹಾಗಾಗಿ ಗಿರಣಿ ಹಾಸನ್ನೂ ನೂಲನ್ನೂ ನೇಕಾರರ ಮನೆಗೆ ಕಳಿಸುತ್ತದೆ, ನೇಯ್ದ ಬಟ್ಟೆ ತೊಳೆಯಲು ಗಿರಣಿಗೆ ಮರಳುತ್ತದೆ.

ಹ್ಯಾರಿಸ್‌ಗೆ ಅಂಟಿಕೊಂಡೇ ಇರುವ ಲೂಯಿಸ್‌ನಲ್ಲಿ ಒಬ್ಬ ನೇಕಾರರು ಮನೆಯ ಪಕ್ಕದ ಶೆಡ್ಡಿಗೆ ನಮ್ಮನ್ನು ಬಿಟ್ಟುಕೊಂಡರು. ಮಗ್ಗಕ್ಕೆ ಕರೆಂಟಿಲ್ಲ, ಸೈಕಲ್ಲಿನಂತೆ ತುಳಿಯಬೇಕು. ಎಳೆಯೊಂದು ಕಡಿದಾಗ ಅವರು ಹಾಕಿದ ಗಂಟನ್ನು ನಾನು ಎಲ್ಲಿ ಬೇಕಾದರೂ ಗುರುತಿಸಬಲ್ಲೆ. ಇಳಕಲ್‌ನಲ್ಲೂ ಅದೇ ಗಂಟು, ಹೆಬ್ಬೆರಳಿನ ಅದೇ ತಿರುವು. ಧೈರ್ಯ ಮಾಡಿ ಮೊಬೈಲಿನಲ್ಲಿದ್ದ ನನ್ನ ಶಾಲಿನ ಚಿತ್ರ ತೋರಿಸಿದೆ.

ಅವರು ಏನೂ ಹೇಳದೆ, ಹಸಿರು ನೂಲಿನ ಒಂದು ಗೇಣು ಕತ್ತರಿಸಿ, ಹುರಿ ಬಿಚ್ಚಿ, ಎಳೆಯನ್ನು ಹಿಂಜಿ ಬಿಳಿಯ ಕಾಗದದ ಮೇಲೆ ಹರಡಿದರು. ಹಳದಿ, ಗಾಢ ನೀಲಿ, ತುಕ್ಕಿನ ಬಣ್ಣ, ಒಂದೆರಡು ನೇರಳೆ ಕೂದಲು. ಹಸಿರು ಎಂದು ಹೇಳುವಂಥದ್ದನ್ನು ಹುಡುಕಬೇಕಾಯಿತು. ಬಣ್ಣ ಹಾಕುವುದು ನೂಲಿಗಲ್ಲ, ಬಿಡಿ ಉಣ್ಣೆಗೆ. ಬೇರೆ ಬೇರೆ ಬಣ್ಣದ ಉಣ್ಣೆಯನ್ನು ತೂಕದ ಪ್ರಕಾರ ಕಲಸಿ, ಹಿಂಜಿ, ಆಮೇಲೆ ನೂಲುತ್ತಾರೆ. ಮಗ್ಗಕ್ಕೆ ಬರುವ ಹೊತ್ತಿಗೆ ಬಣ್ಣದ ಕೆಲಸವೆಲ್ಲ ಮುಗಿದಿರುತ್ತದೆ. ನಾನು ಆರು ವಾರ ಲಾಳಿ ಬದಲಿಸುತ್ತಾ ಹುಡುಕುತ್ತಿದ್ದದ್ದು ಅಲ್ಲಿ ಇರಲೇ ಇಲ್ಲ.

ಆ ಕಾಗದವನ್ನು ಕೇಳಿ ತೆಗೆದುಕೊಂಡೆ. ಟೇಪು ಹಚ್ಚಿ ಈ ದಿನಚರಿಯ ಪುಸ್ತಕದಲ್ಲಿ ಅಂಟಿಸಿದ್ದೇನೆ.

ಮರುದಿನ ಭಾನುವಾರ. ಲೂಯಿಸ್‌ನಲ್ಲಿ ಸಬ್ಬತ್ (ಭಾನುವಾರ ಕೆಲಸ ಮಾಡದ ಕ್ರೈಸ್ತ ಆಚರಣೆ) ಇನ್ನೂ ಗಟ್ಟಿ. ಬಹುತೇಕ ಅಂಗಡಿಗಳು ಮುಚ್ಚಿದ್ದವು, ಮಗ್ಗದ ಸದ್ದೂ ಇರಲಿಲ್ಲ. ಕಲಾನಿಶ್‌ನ ನಿಲುಗಲ್ಲುಗಳಿಗೆ ಮಾತ್ರ ರಜೆಯಿಲ್ಲ. ಸುಮಾರು 5,000 ವರ್ಷದಿಂದ ನಿಂತಿವೆ. ಇವರು ಕಲ್ಲು ಎಣಿಸುತ್ತಿದ್ದರೆ ನಾನು ಕಲ್ಲಿನ ಮೇಲಿನ ಕಲ್ಲುಹೂವನ್ನು ನೋಡುತ್ತಿದ್ದೆ. ಇಲ್ಲಿನವರು ಕಲ್ಲುಹೂವನ್ನು ಕೆರೆದು, ಕುದಿಸಿ ಉಣ್ಣೆಗೆ ಕೆಂಗಂದು ಬಣ್ಣ ಕಟ್ಟುತ್ತಿದ್ದರು. ನಾವು ಅದನ್ನು ಮಸಾಲೆಗೆ ಹಾಕುತ್ತೇವೆ.

ಸೋಮವಾರ ಹುಲ್ಲು ಹೊದಿಸಿದ ಮನೆಗಳಿರುವ ಹಳೆಯ ಹಳ್ಳಿಗೆ ಹೋದೆವು. 1974ರವರೆಗೂ ಅಲ್ಲಿ ಜನ ವಾಸವಿದ್ದರು. ನನ್ನ ಎರಡನೆಯ ತಪ್ಪು ಅಲ್ಲಿ ತಿಳಿಯಿತು. ಮಗ್ಗದಿಂದ ಇಳಿದ ಟ್ವೀಡ್ ಎಣ್ಣೆ ಜಿಡ್ಡಿನ, ಒರಟಾದ, ಜಾಳುಜಾಳಾದ ಬಟ್ಟೆ. ಹಿಂದೆ ಹೆಂಗಸರು ಮೇಜಿನ ಸುತ್ತ ಕೂತು, ಇಲ್ಲಿನ ಗೇಲಿಕ್ ಭಾಷೆಯ ಹಾಡಿನ ಲಯಕ್ಕೆ ಒದ್ದೆ ಬಟ್ಟೆಯನ್ನು ಬಡಿದು ಬಡಿದು ಎಳೆಗಳು ಒಂದನ್ನೊಂದು ಕಚ್ಚಿಕೊಳ್ಳುವಂತೆ ಮಾಡುತ್ತಿದ್ದರಂತೆ. ಜಿಡ್ಡು ತೆಗೆಯಲು ಬಳಸುತ್ತಿದ್ದದ್ದು ಕೂಡಿಟ್ಟ ಹಳೆಯ ಮೂತ್ರ. “ಅದೊಂದನ್ನು ನಮ್ಮ ಮನೆಯಲ್ಲಿ ಮಾಡಬೇಡ” ಎಂದರು ಇವರು.

ದಿನ 9–10. ಕಲೋಡನ್, ನಾಕಾಂಡೋ

ಕಲೋಡನ್‌ನ ಬಯಲಿನಲ್ಲಿ ಇವರು ಎರಡು ಗಂಟೆ ಸುತ್ತಿದರು. 1746ರಲ್ಲಿ ಸರ್ಕಾರದ ಸೇನೆಯ ಎದುರು ಬಂಡಾಯಗಾರರು ಸೋತದ್ದು ಇಲ್ಲಿ. ಆ ಸೋಲಿನ ಬೆನ್ನಿಗೇ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಬೆಟ್ಟನಾಡು) ಉಡುಪನ್ನು ನಿಷೇಧಿಸುವ ಕಾಯಿದೆ ಬಂತು, ತೆಗೆದದ್ದು 1782ರಲ್ಲಿ.

ಅದಾಗಿ ಎರಡೇ ವರ್ಷಕ್ಕೆ, 1784ರಿಂದ, ಸ್ಪೇ ನದಿಯ ಕಡೆಯ ನಾಕಾಂಡೋ ಗಿರಣಿಯ ಚರಿತ್ರೆ ಶುರುವಾಗುತ್ತದೆ. ಗದ್ದೆಯ ಅಂಚಿನ ಕೊಟ್ಟಿಗೆಯಷ್ಟೇ ಕಟ್ಟಡ. ಒಳಗೆ ಹಿಂಜುವ ಯಂತ್ರವಿತ್ತು. ಆ ದಿನ ಓಡುತ್ತಿರಲಿಲ್ಲ. ಒಳ್ಳೆಯದೇ ಆಯಿತು, ಹತ್ತಿರ ನಿಂತು ನೋಡಿದೆ. ತಂತಿಯ ಸಣ್ಣ ಹಲ್ಲುಗಳ ಉರುಳೆಗಳು, ಒಂದರಿಂದ ಇನ್ನೊಂದು ಉಣ್ಣೆಯನ್ನು ಕಿತ್ತುಕೊಳ್ಳುವ ಹಾಗೆ ಜೋಡಿಸಿವೆ. ಹಲ್ಲಿನ ಸಂದಿಯಲ್ಲಿ ನೀಲಿ ಕೂದಲಿನ ಪಕ್ಕ ಹಳದಿ ಕೂದಲು ಸಿಕ್ಕಿಕೊಂಡಿತ್ತು. ಲೂಯಿಸ್‌ನ ಕಾಗದದಲ್ಲಿ ಬಿಚ್ಚಿಕೊಂಡದ್ದು ಇಲ್ಲಿ ಕಟ್ಟಿಕೊಳ್ಳುತ್ತಿತ್ತು.

ಮನೆಗೆ ಬಂದ ಮೇಲೆ

ಹಳೆಯ ಶಾಲನ್ನು ಕತ್ತರಿಸಿ ಇಳಿಸಿದೆ. ಎಸೆಯುವ ಮೊದಲು ಬಿಸಿನೀರು, ಸೋಪು ಹಾಕಿ ಸ್ನಾನದ ತೊಟ್ಟಿಯಲ್ಲಿ ಹತ್ತು ನಿಮಿಷ ತುಳಿದೆ. ಬಸ್ ಸೀಟು ಹೋಗಲಿಲ್ಲ, ಗೋಣಿ ಮಾತ್ರ ಹೋಯಿತು. ಅರ್ಧ ಗೆಲುವು.

ಬಣ್ಣ ಕಲಸುವುದಕ್ಕೆ ನಾಯಿಯ ಕೂದಲು ಬಾಚುವ ಎರಡು ತಂತಿ ಬ್ರಷ್‌ಗಳನ್ನು ತಂದು ನಾಲ್ಕು ಬಣ್ಣದ ಉಣ್ಣೆಯನ್ನು ಹಿಂಜಿದೆ. ಅತಿ ಹಿಂಜಿದರೆ ಎಲ್ಲ ಸೇರಿ ಕೆಸರು. ಎರಡು ಮೂರು ಬಾರಿಗೆ ನಿಲ್ಲಿಸಿದರೆ ಬಣ್ಣಗಳು ಇಣುಕುತ್ತಿರುತ್ತವೆ. ಆದರೆ ನಾನು ನೂತದ್ದು ಇನ್ನೂ ಹಗ್ಗವೇ. ಆದ್ದರಿಂದ ಈ ಶಾಲು ಹ್ಯಾರಿಸ್‌ನಿಂದ ತಂದ, ಎಣ್ಣೆ ಹೋಗದ ನೂಲಿನಲ್ಲಿ. ಮಾದರಿ ತುಂಡು ಮಗ್ಗದ ಮೇಲೆ 22 ಸೆಂಟಿಮೀಟರ್ ಇತ್ತು, ತೊಳೆದ ಮೇಲೆ 19.5. ಜಾಳು ತುಂಬಿಕೊಂಡು ಮೇಲೆ ಸಣ್ಣ ನವಿರು ಎದ್ದಿದೆ. ಮಳೆಯಲ್ಲಿ ನೆನೆದ ಕಂಬಳಿಯ ವಾಸನೆ ಮನೆಯೆಲ್ಲ ಹರಡಿದೆ.

ಹೊಸ ಹಾಸು 260 ಎಳೆ, 2.8 ಮೀಟರ್. ಹಣಿಗೆಯಲ್ಲಿ 140 ಎಳೆ ದಾಟಿಸಿದ ಮೇಲೆ ನೋಡುತ್ತೇನೆ, 97ನೆಯದು ತಪ್ಪು ಸಂದಿಯಲ್ಲಿದೆ. ಅಲ್ಲಿಂದ ಮತ್ತೆ ಬಿಚ್ಚಿದ್ದೇನೆ. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೆಲಸ ಇವರದ್ದು. ಸುತ್ತುತ್ತಲೇ ಪ್ರವಾಸದ ಲೆಕ್ಕ ತೆಗೆದಿದ್ದಾರೆ: ನೂಲಿನ ಅಂಗಡಿಗಳೂ ಸೇರಿ ಗಿರಣಿ ಒಂಬತ್ತು, ಕೋಟೆ ಏಳು. ಎರಡು ಕೋಟೆ ಬಾಕಿ.